ಫೈರ್‌ಫಾಕ್ಸ್‌ಗೆ ಕೀಪಾಸ್‌ಎಕ್ಸ್‌ಸಿ ಕೂಡವಲ್ದು, ನಾಡದು ಜಿಎಸ್‌ಟಿ ಕಡೇ ದಿನ ಐತಿ

ಏಲಕ್ಕಿಹಾರ | 18 ಜೂನ್ 2024, ಬೆಳಿಗ್ಗೆ 10:42

ಎರಡು ತಾಸಿಂದ ಗುದ್ದಾಡಾಕತ್ತೀನ್ರಿ. ಪಾಸ್‌ವರ್ಡ್ ಎಲ್ಲಾ ಕೂಡಿಸಿ ಇಡೂ ಕೀಪಾಸ್‌ಎಕ್ಸ್‌ಸಿ ಐತಲ್ರಿ, ಫೈರ್‌ಫಾಕ್ಸ್‌ನ್ಯಾಗಿನ ಅದರ ಪ್ಲಗಿನ್ ಕೆಲಸ ಮಾಡವಲ್ದು. ಐಕಾನ್ ಒತ್ತಿದ್ರ ಕೀಪಾಸ್ ಸಿಗವಲ್ದು, ಸೆಟ್ಟಿಂಗ್ ನೋಡ್ಕೋ ಅಂತ ಇಂಗ್ಲಿಷ್‌ನ್ಯಾಗ ಒಂದು ಸಾಲು. ಪ್ಲಗಿನ್ ತಗದು ಹಾಕಿ ತಗದು ಹಾಕಿ ಮೂರು ಸಲ ಆತು. ಮಷೀನ್ ರೀಸ್ಟಾರ್ಟ್ ಎಷ್ಟು ಸಲ ಮಾಡೇನೋ ಲೆಕ್ಕ ಇಲ್ಲ. ಪಾಸ್‌ವರ್ಡ್ ಫೈಲ್ ಛಲೋ ತೆರೀತೈತಿ, ಅದರಾಗ ಏನೂ ತಕರಾರಿಲ್ಲ.

ಹದಿನೆಂಟು ಅಂಗಡಿಯವರ 3ಬಿ ರಿಟರ್ನ್ ನನ್ ಕೈಯಾಗ ಅದಾವ, ಇಪ್ಪತ್ತಕ್ಕ ಕಡೇ ದಿನ. ಒಂದೊಂದು ಪಾಸ್‌ವರ್ಡೂ ಹದಿನೈದು ಅಕ್ಷರ, ನೋಡಿ ಹೊಡದ್ರ ಕಣ್ಣು ಹೋಗ್ತಾವ. ಮಷೀನ್‌ನ್ಯಾಗ ಉಬುಂಟು ಲಿನಕ್ಸ್ ಐತಿ. ಮೊನ್ನಿ ತನಕ ಎಲ್ಲಾ ಸರಿ ಇತ್ತು, ನಾ ಏನೂ ಮುಟ್ಟಿಲ್ಲ. ಲಗೂ ಹೇಳ್ರಿ.

ಸಿಡ್_ಸಿದ್ದ | 10:55

ಇದು ಗೊತ್ತಿರೋದೇ. ಹೋದ ತಿಂಗಳಿಂದ ಡೆಬಿಯನ್‌ನಲ್ಲಿ (ಉಬುಂಟು ಕಟ್ಟಿರೋದು ಈ ಲಿನಕ್ಸ್ ಮೇಲೇ) ಇದೇ ಗಲಾಟೆ. ಕೀಪಾಸ್‌ಎಕ್ಸ್‌ಸಿ ಅನ್ನೋ ಪ್ಯಾಕೇಜಿಂದ ಬ್ರೌಸರ್ ಜೋಡಣೆ, ನೆಟ್‌ವರ್ಕ್ ಎಲ್ಲಾ ಕಿತ್ತು ಬರೀ ಬೋಳು ಆವೃತ್ತಿ ಕೊಡ್ತಿದಾರೆ. ಪೂರ್ತಿ ಬೇಕು ಅಂದ್ರೆ ಹೆಸರಿನ ಕೊನೆಗೆ ಫುಲ್ ಅಂತ ಇರೋದು ಹಾಕಬೇಕು. ಸುಡೊ ಆಪ್ಟ್ ಇನ್‌ಸ್ಟಾಲ್ ಕೀಪಾಸ್‌ಎಕ್ಸ್‌ಸಿ-ಫುಲ್. ಎರಡು ನಿಮಿಷದ ಕೆಲಸ, ಮುಗೀತು.

ಏಲಕ್ಕಿಹಾರ | 11:03

ಹಾಕಿದೆ. ಕಮಾಂಡ್ ಸಿಗಲಿಲ್ಲ ಅಂತೈತಿ.

ಕರಾವಳಿ_ಕರ್ನಲ್ | 11:05

ಮಾರಾಯ್ರೆ, ಕನ್ನಡ ಅಕ್ಷರ ಹಾಗೇ ಕಾಪಿ ಮಾಡಿ ಟರ್ಮಿನಲ್‌ಗೆ ಹಾಕಿದ್ರಾ ಹೇಗೆ? ಇಲ್ಲಿ ಕಮಾಂಡ್ ಸಹ ಕನ್ನಡದಲ್ಲೇ ಬರೆಯುವುದು ರೂಢಿ, ಟರ್ಮಿನಲ್‌ಗೆ ಅದು ಅರ್ಥ ಆಗುವುದಿಲ್ಲ.

ಮತ್ತೆ ಒಂದು ಮಾತು. ಅದು ಪ್ಲಗಿನ್ ಅಲ್ಲ, ಎಕ್ಸ್‌ಟೆನ್ಷನ್. ಪ್ಲಗಿನ್ ಅಂದ್ರೆ ಫ್ಲ್ಯಾಶ್, ಜಾವಾ ಅಂಥವು. 2017ರ ಮಾರ್ಚಿನಲ್ಲಿ ಫೈರ್‌ಫಾಕ್ಸ್ 52 ಬಂದಾಗಲೇ ಫ್ಲ್ಯಾಶ್ ಒಂದನ್ನು ಬಿಟ್ಟು ಎಲ್ಲದಕ್ಕೂ ಬಾಗಿಲು ಹಾಕಿದ್ರು. 2021ರ ಜನವರಿಯಲ್ಲಿ 85 ಬಂತು, ಫ್ಲ್ಯಾಶೂ ಹೋಯ್ತು. ಈಗ ಪ್ಲಗಿನ್ ಅನ್ನುವ ಜಾತಿಯೇ ಇಲ್ಲ.

ಏಲಕ್ಕಿಹಾರ | 11:09

ಅವಸರದಾಗ ಕಾಪಿ ಮಾಡಿದ್ನಿ, ಆತು ಬಿಡ್ರಿ. ಈಗ ಇಂಗ್ಲಿಷ್‌ನ್ಯಾಗ ಹೊಡದೆ. ಆ ಹೆಸರಿನ ಪ್ಯಾಕೇಜೇ ಇಲ್ಲ ಅಂತು.

ಪ್ಲಗಿನ್ ಅನ್ರಿ, ಎಕ್ಸ್‌ಟೆನ್ಷನ್ ಅನ್ರಿ, ನಡದ್ರ ಸಾಕು.

ಹಳೇಥಿಂಕ್‌ಪ್ಯಾಡ್ | 11:20

ಫ್ಲ್ಯಾಶ್ ಹೆಸರು ಕೇಳಿ ಕಾಲೇಜು ನೆನಪಾಯ್ತು ಗುರು. ಉಬುಂಟುವಿನ ಫ್ಲ್ಯಾಶ್ ಇನ್‌ಸ್ಟಾಲರ್ ಪ್ಯಾಕೇಜ್ ಒಳಗೆ ಫ್ಲ್ಯಾಶೇ ಇರ್ತಿರಲಿಲ್ಲ. ಹಾಕಿದ ಮೇಲೆ ಅದು ಹೋಗಿ ಅಸಲಿ ಫೈಲ್ ಇಳಿಸಿಕೊಂಡು ಬರಬೇಕು. ನಮ್ಮ ಹಾಸ್ಟೆಲ್ ನೆಟ್ ನಡುದಾರೀಲಿ ಕೈ ಕೊಡೋದು, ಪ್ಯಾಕೇಜ್ ಅರ್ಧಂಬರ್ಧ ಆಗಿ ಕೂರೋದು. ಆಮೇಲೆ ಬೇರೆ ಏನು ಹಾಕಕ್ಕೆ ಹೋದ್ರೂ ಮೊದಲು ಆ ಫ್ಲ್ಯಾಶ್‌ದೇ ರೋದನೆ. ಆಗಿನ ಅದೇ ಥಿಂಕ್‌ಪ್ಯಾಡ್ ಎಕ್ಸ್220 ಲ್ಯಾಪ್‌ಟಾಪ್ ಇವತ್ತೂ ಓಡ್ತಿದೆ. ಐಪಿಎಸ್ ಪ್ಯಾನೆಲ್ ಹಾಕಿಸಿದೀನಿ, 16 ಜಿಬಿ ರ್‍ಯಾಮ್, ಏಳು ಸಾಲಿನ ಕೀಬೋರ್ಡ್. ಆ ಕೀಬೋರ್ಡ್ ಮುಂದೆ ಈಗಿನವೆಲ್ಲ ಕ್ಯಾಲ್ಕುಲೇಟರ್ ಗುಂಡಿ ಇದ್ದ ಹಾಗೆ.

ಸಿಡ್_ಸಿದ್ದ | 11:24

@ಏಲಕ್ಕಿಹಾರ ಯೂನಿವರ್ಸ್ ರೆಪೊ (ಪ್ಯಾಕೇಜ್ ಸಿಗೋ ಉಬುಂಟು ಉಗ್ರಾಣ) ಆಫ್ ಆಗಿರಬೇಕು, ಆನ್ ಮಾಡಿ. ಆಗಲೂ ಸಿಗಲಿಲ್ಲ ಅಂದ್ರೆ ಡೆಬಿಯನ್ ಸಿಡ್ (ಇನ್ನೂ ಪರೀಕ್ಷೆ ಮುಗೀದ ಆವೃತ್ತಿ) ರೆಪೊ ಒಂದು ಸಾಲು ಸೇರಿಸಿ ಅಲ್ಲಿಂದ ಎಳ್ಕೊಳ್ಳಿ.

ರೂಟ್_ರಾಗಿ | 11:26

ದಯವಿಟ್ಟು ಬೇಡ. ಉಬುಂಟುಗೆ ಡೆಬಿಯನ್ ಸಿಡ್ ರೆಪೊ ಸೇರಿಸಬೇಡಿ. ಮುಂದಿನ ಅಪ್‌ಗ್ರೇಡ್‌ನಲ್ಲಿ ಸಿ ಲೈಬ್ರರಿಯಿಂದ ಹಿಡಿದು ಎಲ್ಲವೂ ಕಲಸಿ ಹೋಗತ್ತೆ, ಆಮೇಲೆ ಮಷೀನೇ ಏಳಲ್ಲ. ಎರಡು ದಿನದಲ್ಲಿ ರಿಟರ್ನ್ ಕಟ್ಟಬೇಕಾದವರಿಗೆ ಹೇಳೋ ಮಾತಾ ಇದು ಸಿದ್ದಣ್ಣ?

ಏಲಕ್ಕಿ ಅವರೇ, ಕೀಪಾಸ್‌ಎಕ್ಸ್‌ಸಿ ಸೆಟ್ಟಿಂಗ್ಸ್‌ನಲ್ಲಿ ಎಡಗಡೆ ಪಟ್ಟೀಲಿ ಬ್ರೌಸರ್ ಇಂಟಿಗ್ರೇಷನ್ ಅಂತ ಇದೆಯಾ? ಅದರೊಳಗೆ ಫೈರ್‌ಫಾಕ್ಸ್‌ಗೆ ಟಿಕ್ ಇದೆಯಾ? ಉಬುಂಟು ಯಾವ ವರ್ಷನ್? ಫೈರ್‌ಫಾಕ್ಸ್ ಸ್ನ್ಯಾಪಾ, ಡೆಬ್ಬಾ?

ಏಲಕ್ಕಿಹಾರ | 11:38

ಬ್ರೌಸರ್ ಇಂಟಿಗ್ರೇಷನ್ ಐತ್ರಿ ಅಕ್ಕಾರ, ಟಿಕ್ಕೂ ಐತಿ. ಉಬುಂಟು 24.04. ಸ್ನ್ಯಾಪ್ ಅಂದ್ರೇನು? ಫೈರ್‌ಫಾಕ್ಸ್ ಅಂದ್ರ ಫೈರ್‌ಫಾಕ್ಸ್.

ರೂಟ್_ರಾಗಿ | 11:41

ಸ್ನ್ಯಾಪ್, ಡೆಬ್ ಎರಡೂ ಪ್ರೋಗ್ರಾಂ ಹಾಕೋ ಬಗೆ. ಡೆಬ್ ನೇರ ಸಿಸ್ಟಂಗೆ ಸೇರತ್ತೆ, ಸ್ನ್ಯಾಪ್ ತನ್ನದೇ ಗೂಡಿನೊಳಗೆ ಓಡತ್ತೆ. ಆ ಮೆನು ಇದೆ ಅಂದ ಮೇಲೆ ಸಿದ್ದಣ್ಣ ಹೇಳಿದ ಕಾರಣ ಬಿತ್ತು. 24.04 ಹೊರಬಂದದ್ದು ಏಪ್ರಿಲ್‌ನಲ್ಲಿ, ಡೆಬಿಯನ್‌ನ ಆ ಬದಲಾವಣೆಗಿಂತ ಮುಂಚೆ.

ಸಿಡ್_ಸಿದ್ದ | 11:44

ಮೆನು ಇರಬಹುದು ಅಕ್ಕ, ಒಳಗೆ ಬ್ರೌಸರ್ ಜೊತೆ ಮಾತಾಡಿಸೋ ಪ್ರಾಕ್ಸಿ ಪ್ರೋಗ್ರಾಂ ಇಲ್ಲದೇ ಇರಬಹುದು. ಒಂದು ಸಲ ತೆಗೆದು ಫುಲ್ ಹಾಕಿದ್ರೆ ಏನ್ ಹೋಗತ್ತೆ?

ರೂಟ್_ರಾಗಿ | 11:45

ಆ ಫುಲ್ ಪ್ಯಾಕೇಜ್ ಉಬುಂಟು 24.04ರಲ್ಲಿ ಇಲ್ಲ ಅಂತ ಅವರೇ ಹೇಳಿದ್ರಲ್ಲ.

ಬೆಣ್ಣೆದೋಸೆ64 | 11:52

ಎಲ್ರೂ ಒಂದ್ ನಿಮಿಷ ಸುಮ್ನಿರಿ. ಏಲಕ್ಕಿ ಅಣ್ಣ, ಟರ್ಮಿನಲ್‌ನಲ್ಲಿ ಆಪ್ಟ್ ಪಾಲಿಸಿ ಫೈರ್‌ಫಾಕ್ಸ್ ಅಂತ ಹೊಡೀರಿ (ಇಂಗ್ಲಿಷಲ್ಲಿ!). ಏನ್ ಬರುತ್ತೋ ಪೂರ್ತಿ ಇಲ್ಲಿ ಹಾಕಿ, ಅರ್ಧ ಬೇಡ. ಆಮೇಲೆ ವಾರ್, ಲಾಗ್, ಆಪ್ಟ್ ಫೋಲ್ಡರ್‌ನಲ್ಲಿ ಹಿಸ್ಟರಿ ಲಾಗ್ ಇರುತ್ತೆ, ಅದರ ಕೊನೇ ಇಪ್ಪತ್ತು ಸಾಲು.

ಏಲಕ್ಕಿಹಾರ | ಮಧ್ಯಾಹ್ನ 12:20

ಹಾಕಾಕತ್ತೀನಿ. ಈಗ ಇರೂದು 1:1ಸ್ನ್ಯಾಪ್1 ಅಂತ ಶುರು ಆಗ್ತೈತಿ. ಕೆಳಗ ಮೊಜಿಲ್ಲಾ ಅನ್ನೋ ವಿಳಾಸದ ಮುಂದ 127.0 ಐತಿ. ಎರಡರ ಮುಂದೂ 500 ಅಂತ ನಂಬರ್. ಎಲ್ಲಾದರ ತಳಕ್ಕ ಒಂದು ಸಾಲು, ಪ್ರಿಫರೆನ್ಸಸ್ ಫೋಲ್ಡರಿನ ಮೊಜಿಲ್ಲಾ ಡಾಟ್ ಟಿಎಕ್ಸ್‌ಟಿ ಫೈಲ್ ಬಿಟ್ಟೀನಿ, ಹೆಸರು ಸರಿ ಇಲ್ಲ ಅಂತ.

ಹಿಸ್ಟರಿಯೊಳಗ ಇವತ್ತು ಬೆಳಿಗ್ಗಿ 9:14ಕ್ಕ ಅನ್‌ಅಟೆಂಡೆಡ್ ಅಪ್‌ಗ್ರೇಡ್ ಅಂತೈತಿ, ಫೈರ್‌ಫಾಕ್ಸ್ 127.0 ಇದ್ದದ್ದು 1:1ಸ್ನ್ಯಾಪ್1 ಆಗೇತಿ. ನಾ ಇದನ್ನ ಮಾಡಿಲ್ಲ. ಮಷೀನ್ ಚಾಲೂ ಮಾಡಿದ್ದೇ ಒಂಬತ್ತಕ್ಕ. ನಿನ್ನಿ ಬಕ್ರೀದ್ ಸೂಟಿ, ಮುಟ್ಟಿಲ್ಲ.

ಬೆಣ್ಣೆದೋಸೆ64 | 12:27

ಸಿಕ್ತು. ಮೊಜಿಲ್ಲಾ ರೆಪೊ ಯಾರು ಸೇರಿಸಿದ್ದು? ಅದು ತಾನಾಗಿ ಬರಲ್ಲ.

ಏಲಕ್ಕಿಹಾರ | 12:31

ನಮ್ಮ ತಂಗಿ ಮಗ. ಐತವಾರ ಬಂದು ಹಳೇದೆಲ್ಲಾ ಅಳಿಸಿ 24.04 ಹೊಸದಾಗಿ ಹಾಕಿಕೊಟ್ಟು ರಾತ್ರಿ ಬಸ್ಸಿಗೆ ಹುಬ್ಬಳ್ಳಿಗೆ ಹ್ವಾದ. ಅದೆಲ್ಲಾ ಹೇಳಬೇಕಿತ್ತೇನು?

ಕರಾವಳಿ_ಕರ್ನಲ್ | 12:32

ಏನೂ ಮುಟ್ಟಿಲ್ಲ ಅಂದ್ರಲ್ಲ ಮಾರಾಯ್ರೆ! ಇಡೀ ಮನೆ ಕೆಡವಿ ಕಟ್ಟಿಸಿದ್ದೀರಿ!

ಏಲಕ್ಕಿಹಾರ | 12:33

ನಾ ಮುಟ್ಟಿಲ್ರಿ, ಅವ ಮುಟ್ಟಿದ್ದು.

ಬೆಣ್ಣೆದೋಸೆ64 | 12:50

ಆಗಿದ್ದು ಹಿಂಗೆ. 22.04ರಿಂದ ಈಚೆಗೆ ಉಬುಂಟು ಕೊಡೋ ಫೈರ್‌ಫಾಕ್ಸ್ ಡೆಬ್ ಬರೀ ಡಬ್ಬಿ, ಅದನ್ನ ಹಾಕಿದ್ರೆ ಸ್ನ್ಯಾಪ್ ಬಂದು ಕೂರುತ್ತೆ. ಆ ಡಬ್ಬಿಯ ವರ್ಷನ್ 1:1ಸ್ನ್ಯಾಪ್1. ಮೊದಲಿನ ಆ 1 ಮತ್ತು ಎರಡು ಚುಕ್ಕಿ ಇದೆಯಲ್ಲ, ಅದಕ್ಕೆ ಎಪಕ್ ಅಂತಾರೆ. ಎಪಕ್ ಇಲ್ಲ ಅಂದ್ರೆ ಸೊನ್ನೆ ಅಂತ ಲೆಕ್ಕ. ಹಂಗಾಗಿ ಪ್ಯಾಕೇಜ್ ಹಾಕೋ ಆಪ್ಟ್ ಕಣ್ಣಿಗೆ 127 ಅಲ್ಲ, 1270 ಬಂದ್ರೂ ಈ ಡಬ್ಬಿಗಿಂತ ಹಳೇದೇ.

ಮೊಜಿಲ್ಲಾದ್ದೇ ಬೇಕು ಅಂದ್ರೆ ಅದರ ರೆಪೊಗೆ 1000 ಆದ್ಯತೆ ಕೊಟ್ಟು ಪಿನ್ ಮಾಡಬೇಕು. ನಿಮ್ಮ ಹುಡುಗ ಪಿನ್ ಬರೆದಿದಾನೆ, ಆದ್ರೆ ಫೈಲ್ ಹೆಸರಿಗೆ ಟಿಎಕ್ಸ್‌ಟಿ ಬಾಲ ಅಂಟಿಸಿದಾನೆ. ಪ್ರಿಫರೆನ್ಸಸ್ ಫೋಲ್ಡರ್‌ನಲ್ಲಿ ಬಾಲ ಇರಬಾರದು, ಇಲ್ಲ ಪಿಆರ್‌ಇಎಫ್ ಅಂತ ಇರಬೇಕು. ಬೇರೆ ಏನಿದ್ರೂ ಆಪ್ಟ್ ಅದನ್ನ ಓದಲ್ಲ. ಐತವಾರ ವರ್ಷನ್ ನಂಬರ್ ಕೊಟ್ಟು ಬಲವಂತವಾಗಿ ಹಾಕಿರ್ತಾನೆ, ಅವತ್ತು ನಡೀತು. ಬೆಳಿಗ್ಗೆ ಆರರಿಂದ ಏಳರೊಳಗೆ ಓಡಬೇಕಾದ ತಾನೇ-ಅಪ್‌ಗ್ರೇಡ್ (ಲಾಗ್‌ನಲ್ಲಿರೋ ಅನ್‌ಅಟೆಂಡೆಡ್) ನಿನ್ನೆ ಮಷೀನ್ ಆಫ್ ಇದ್ದಿದ್ದಕ್ಕೆ ಇವತ್ತು ಚಾಲೂ ಮಾಡಿದ ತಕ್ಷಣ ಓಡಿದೆ. ಹೊಸದು ಬಂತು ಅಂತ ಡಬ್ಬಿ ಹಾಕಿದೆ. ನಿಮಗೆ ಗೊತ್ತಿಲ್ದಂಗೆ ನೀವೀಗ ಸ್ನ್ಯಾಪ್‌ನಲ್ಲಿದೀರಿ.

ಹಳೇಥಿಂಕ್‌ಪ್ಯಾಡ್ | 12:58

ಅದಕ್ಕೇ ನಾನು ಸ್ನ್ಯಾಪ್ ಮುಟ್ಟಲ್ಲ. ಅದೇ ಥರದ ಇನ್ನೊಂದು ಬಗೆ ಇದೆ, ಫ್ಲ್ಯಾಟ್‌ಪ್ಯಾಕ್ ಅಂತ. ಅದರ ಫೈರ್‌ಫಾಕ್ಸ್ ಹಾಕ್ಕೊಳ್ಳಿ, ಆರಾಮ.

ರೂಟ್_ರಾಗಿ | ಮಧ್ಯಾಹ್ನ 1:04

ಫ್ಲ್ಯಾಟ್‌ಪ್ಯಾಕ್ ಫೈರ್‌ಫಾಕ್ಸ್‌ನಿಂದ ಹೊರಗಿನ ಪ್ರೋಗ್ರಾಂ ಜೊತೆ ಮಾತಾಡ್ಸೋಕೆ ಇನ್ನೂ ದೊಡ್ಡ ಸರ್ಕಸ್ ಮಾಡಬೇಕು. ಅವರಿಗೆ ಬೇಕಿರೋದೇ ಅದು. ನಿಮ್ಮ ಎಕ್ಸ್220ರಲ್ಲಿ ಕೀಪಾಸ್ ಇದೆಯಾ?

ಹಳೇಥಿಂಕ್‌ಪ್ಯಾಡ್ | 1:06

ಇಲ್ಲ, ನಾನು ಡೈರೀಲಿ ಬರೆದಿಟ್ಕೊಂಡಿದೀನಿ.

ರೂಟ್_ರಾಗಿ | 1:15

ಬೆಣ್ಣೆದೋಸೆ ಹೇಳಿದ್ದೆಲ್ಲ ಸರಿ, ಆದರೆ ಒಂದು ಕೊಂಡಿ ಸಿಕ್ಕಿಲ್ಲ. ಸ್ನ್ಯಾಪ್ ಆದರೂ ಉಬುಂಟುವಿನಲ್ಲಿ ಎಕ್ಸ್‌ಟೆನ್ಷನ್ ಕೀಪಾಸ್ ಜೊತೆ ಮಾತಾಡಬಹುದು. ನಡುವೆ ಪೋರ್ಟಲ್ ಅಂತ ಒಂದಿದೆ, ಬಾಗಿಲಲ್ಲಿ ನಿಂತು ಕೇಳತ್ತೆ. ಏಲಕ್ಕಿ ಅವರೇ, ಬೆಳಿಗ್ಗೆ ಫೈರ್‌ಫಾಕ್ಸ್ ತೆಗೆದಾಗ ಒಂದು ಸಣ್ಣ ಕಿಟಕಿ ಬಂತಾ? ಈ ಹೊರಗಿನ ಪ್ರೋಗ್ರಾಂ ನಡೆಸಲು ಬಿಡಲಾ ಅನ್ನೋ ಥರ?

ಏಲಕ್ಕಿಹಾರ | 1:22

ಬಂದಿತ್ರಿ! ವೈರಸ್ ಇರಬೇಕು ಅಂತ ಬ್ಯಾಡ ಅಂತ ಒತ್ತಿದೆ. ಗೊತ್ತಿಲ್ಲದ್ದಕ್ಕ ಹೂಂ ಅನಬ್ಯಾಡ ಮಾಮಾ ಅಂತ ಅವನ ಹೇಳಿದ್ದ.

ರೂಟ್_ರಾಗಿ | 1:30

ಹಾಗಾದ್ರೆ ಇದೇ. ಒಂದು ಸಲ ಬೇಡ ಅಂದ್ರೆ ಅದು ನೆನಪಿಟ್ಟುಕೊಳ್ಳತ್ತೆ, ಮತ್ತೆ ಕೇಳಲ್ಲ. ಎಕ್ಸ್‌ಟೆನ್ಷನ್ ಎಷ್ಟು ಸಲ ತೆಗೆದು ಹಾಕಿದ್ರೂ ಅಷ್ಟೇ, ಆ ನೆನಪು ಫೈರ್‌ಫಾಕ್ಸ್‌ನಲ್ಲಿಲ್ಲ.

ಫೈರ್‌ಫಾಕ್ಸ್ ಮುಚ್ಚಿ. ಫೈಲ್ ಮ್ಯಾನೇಜರ್‌ನಲ್ಲಿ ಹೋಮ್ ತೆಗೆದು ಕಂಟ್ರೋಲ್ ಹಿಡಿದು ಎಚ್ ಒತ್ತಿದ್ರೆ ಬಚ್ಚಿಟ್ಟ ಫೋಲ್ಡರ್ ಕಾಣಿಸ್ತವೆ. ಡಾಟ್ ಲೋಕಲ್, ಅದರೊಳಗೆ ಶೇರ್, ಫ್ಲ್ಯಾಟ್‌ಪ್ಯಾಕ್, ಡಿಬಿ. ಅಲ್ಲಿ ವೆಬ್‌ಎಕ್ಸ್‌ಟೆನ್ಷನ್ಸ್ ಅಂತ ಒಂದು ಫೈಲ್ ಇರತ್ತೆ, ಅದೊಂದನ್ನ ಮಾತ್ರ ಡೆಸ್ಕ್‌ಟಾಪ್‌ಗೆ ಎತ್ತಿಡಿ. ಲಾಗೌಟ್ ಆಗಿ ಲಾಗಿನ್ ಆಗಿ. ಫೈರ್‌ಫಾಕ್ಸ್ ತೆಗೆಯೋ ಮೊದಲು ಕೀಪಾಸ್ ತೆಗೆದಿರಲಿ. ಕಿಟಕಿ ಮತ್ತೆ ಬರತ್ತೆ, ಈ ಸಲ ಒಪ್ಪಿಗೆ ಕೊಡಿ.

ಫ್ಲ್ಯಾಟ್‌ಪ್ಯಾಕ್ ಹಾಕಿಲ್ಲದಿದ್ದರೂ ಆ ಫೋಲ್ಡರ್ ಇರತ್ತೆ. ಅನುಮತಿ ಬರೆದಿಡೋ ಜಾಗಕ್ಕೆ ಆ ಹೆಸರು ಬಿದ್ದುಬಿಟ್ಟಿದೆ ಅಷ್ಟೆ. ಹೆಸರು ನೋಡಿ ಹೆದರಬೇಡಿ.

ಸಿಡ್_ಸಿದ್ದ | 1:33

ಇಷ್ಟೆಲ್ಲಾ ಯಾಕೆ ಅಕ್ಕ. ಸಿಡ್ ಹಾಕ್ಕೊಂಡು ಫುಲ್ ಪ್ಯಾಕೇಜ್ ಹಾಕಿದ್ರೆ ಈ ಪೋರ್ಟಲ್ಲೂ ಇಲ್ಲ, ಡಬ್ಬಿನೂ ಇಲ್ಲ.

ಬೆಣ್ಣೆದೋಸೆ64 | 1:40

ಅನುಮತಿ ಸರಿ ಮಾಡೋದು ಇವತ್ತಿನ ಮಟ್ಟಿಗೆ ಆಯ್ತು. ಆದ್ರೆ ಅವರ ಹುಡುಗ ಡೆಬ್ ಬೇಕು ಅಂತಾನೇ ಹಾಕಿದ್ದಲ್ವಾ. ಟಿಎಕ್ಸ್‌ಟಿ ಬಾಲ ಕತ್ತರಿಸಿ, ಉಬುಂಟು ಕಡೆ ಫೈರ್‌ಫಾಕ್ಸ್‌ಗೆ ಮೈನಸ್ 1 (ಅಂದ್ರೆ ಹಾಕಲೇಬೇಡ) ಅಂತ ಇನ್ನೊಂದು ಪಿನ್ ಹಾಕಿ. ತಾನೇ-ಅಪ್‌ಗ್ರೇಡ್ ಪಟ್ಟೀಲಿ ಮೊಜಿಲ್ಲಾ ಸೈಟ್ ಸೇರಿಸದೇ ಇದ್ರೆ ಅದು ಮೊಜಿಲ್ಲಾ ಕಡೆ ತಿರುಗಿಯೂ ನೋಡಲ್ಲ. ಪಿಪಿಎ ಅನ್ನೋ ಪ್ರತ್ಯೇಕ ರೆಪೊಯಿಂದ ಫೈರ್‌ಫಾಕ್ಸ್ ಹಾಕ್ಕೊಂಡು ಪಿನ್ನೂ ಹಾಕಿದವರಿಗೇ ರಾತ್ರೋರಾತ್ರಿ ಸ್ನ್ಯಾಪ್ ಆಗಿದ್ದು ಇದೇ ಕಾರಣಕ್ಕೆ.

ರೂಟ್_ರಾಗಿ | 1:43

ಮಾಡಲಿ, ಆದರೆ ಇಪ್ಪತ್ತಾದ ಮೇಲೆ. ಇವತ್ತು ಬೆಳಿಗ್ಗೆಯಿಂದ ಸೇರಿಸಿದ ಬುಕ್‌ಮಾರ್ಕ್ ಎಲ್ಲಾ ಸ್ನ್ಯಾಪ್ ಫೋಲ್ಡರ್‌ನ ಪ್ರೊಫೈಲ್‌ನಲ್ಲಿ ಇರತ್ತೆ. ಡೆಬ್‌ಗೆ ಹೋದರೆ ಐತವಾರದ ಪ್ರೊಫೈಲ್ ತೆರೆಯತ್ತೆ, ಎಲ್ಲಾ ಹೋಯ್ತು ಅಂತ ಮತ್ತೆ ಇಲ್ಲಿಗೇ ಬರ್ತಾರೆ.

ಬೆಣ್ಣೆದೋಸೆ64 | 1:45

ಹೋಗಲ್ಲ. ಸ್ನ್ಯಾಪ್ ತೆಗೆದಾಗ ಅದೇ ಒಂದು ನಕಲು ತೆಗೆದು 31 ದಿನ ಇಟ್ಕೊಳ್ಳುತ್ತೆ.

ರೂಟ್_ರಾಗಿ | 1:46

ಗೊತ್ತು. ಪರ್ಜ್ ಅಂತ ಸೇರಿಸಿ ತೆಗೆದ್ರೆ ಅದೂ ಇರಲ್ಲ. ಹುಡುಗ ಯಾವ ಬ್ಲಾಗ್ ನೋಡಿ ತೆಗೀತಾನೋ.

ಏಲಕ್ಕಿಹಾರ | ಸಂಜೆ 4:05

ಊಟಕ್ಕ ಹೋಗಿದ್ನಿ. ರಾಗಿ ಅಕ್ಕಾರು ಹೇಳಿದಂಗ ಮಾಡಿದೆ. ಫೈಲ್ ಇತ್ತು, ಎತ್ತಿಟ್ಟೆ. ಲಾಗಿನ್ ಆದ ಮ್ಯಾಲೆ ಕಿಟಕಿ ಬಂತು, ಹೂಂ ಅಂದೆ. ಕೆಂಪು ಹೋಗಿ ಹಸರಾತು. ಅಡತಿ ಅಂಗಡಿಯವರ ಎರಡು ರಿಟರ್ನ್ ಈಗಷ್ಟೇ ಮುಗಸಿದೆ, ಹದಿನಾರು ಉಳದಾವ.

ಬಾಲ ಕತ್ತರಸೂದು, ಪಿನ್ನು, ಮೈನಸ್ ಒಂದು, ಇವೆಲ್ಲಾ 21ಕ್ಕ ನೋಡೂಣು. ಅಲ್ಲಿ ತನಕ ಅಪ್‌ಗ್ರೇಡ್ ಅಂತ ಏನಾರ ಕೇಳಿದ್ರ ಏನ್ ಒತ್ಲಿ?

ರೂಟ್_ರಾಗಿ | 4:11

ನಂತರ ಅಂತ ಒತ್ತಿ. ಹುಡುಗನಿಗೆ ಈ ಚರ್ಚೆ ಕಳಿಸಿ, ಬೈಬೇಡಿ. ಪಿನ್ ಬರೀಬೇಕು ಅಂತ ಗೊತ್ತಿತ್ತಲ್ಲ, ಅದೇ ದೊಡ್ಡದು.

ಕರಾವಳಿ_ಕರ್ನಲ್ | 4:30

@ಹಳೇಥಿಂಕ್‌ಪ್ಯಾಡ್ ಎಕ್ಸ್220ಗೆ ಬ್ಯಾಟರಿ ಎಲ್ಲಿ ಸಿಕ್ಕಿತು? ನನ್ನದು ನಲವತ್ತು ನಿಮಿಷಕ್ಕೆ ಮಲಗ್ತದೆ.

ಹಳೇಥಿಂಕ್‌ಪ್ಯಾಡ್ | 4:42

ಬೆಂಗಳೂರಿನ ಎಸ್‌ಪಿ ರೋಡಲ್ಲಿ. ಒಂಬತ್ತು ಸೆಲ್‌ದು, ಹಿಂದೆ ಚಾಚಿಕೊಂಡಿರತ್ತೆ, ಹಿಡ್ಕೊಂಡು ಓಡಾಡಕ್ಕೆ ಹಿಡಿಕೆ ಥರಾನೂ ಆಗತ್ತೆ. ಒರಿಜಿನಲ್ ಅಂತಾರೆ, ನಂಬಬೇಡಿ, ಅಂಗಡೀಲೇ ಹಾಕಿ ಅರ್ಧ ಗಂಟೆ ಓಡಿಸಿ ನೋಡಿ ದುಡ್ಡು ಕೊಡಿ. ಫೋಟೋ ಸಂಜೆ ಹಾಕ್ತೀನಿ.

ಹೊಸಬ_2024 | 19 ಜೂನ್, ರಾತ್ರಿ 11:17

ನನಗೂ ಇದೇ ಪ್ರಾಬ್ಲಮ್. ಆ ಫೈಲ್ ಡಿಲೀಟ್ ಮಾಡಿದೆ, ಆಗಲಿಲ್ಲ. ಅರ್ಜೆಂಟ್, ಹೆಲ್ಪ್ ಮಾಡಿ.

ರೂಟ್_ರಾಗಿ | 11:40

ಯಾವ ಡಿಸ್ಟ್ರೊ, ಅಂದ್ರೆ ಯಾವ ಲಿನಕ್ಸ್? ಫೈರ್‌ಫಾಕ್ಸ್ ಎಲ್ಲಿಂದ ಹಾಕಿದ್ದು?

ಹೊಸಬ_2024 | 20 ಜೂನ್, ಬೆಳಿಗ್ಗೆ 8:02

ಮಿಂಟ್. ಮೇಲೆ ಹೇಳಿದ್ದೆಲ್ಲ ಮಾಡಿದೀನಿ, ಆಗ್ತಿಲ್ಲ.

ಬೆಣ್ಣೆದೋಸೆ64 | 8:30

ಮಿಂಟ್‌ನಲ್ಲಿ ಫೈರ್‌ಫಾಕ್ಸ್ ಡೆಬ್ಬೇ ಬರೋದು, ಸ್ನ್ಯಾಪ್‌ಗೆ ಅವರೇ ನೊಸ್ನ್ಯಾಪ್ ಅಂತ ಪಿನ್ ಫೈಲ್ ಇಟ್ಟು ಅಡ್ಡಗಟ್ಟಿದಾರೆ. ನಿಮ್ಮದು ಬೇರೆ ಕಾಯಿಲೆ. ಹೊಸ ಚರ್ಚೆ ಶುರು ಮಾಡಿ, ಕೀಪಾಸ್ ಎಲ್ಲಿಂದ ಹಾಕಿದ್ರಿ ಅಂತ ಮೊದಲ ಸಾಲಲ್ಲೇ ಬರೀರಿ.

ಸಿಡ್_ಸಿದ್ದ | 8:34

ಕೀಪಾಸ್‌ಎಕ್ಸ್‌ಸಿ-ಫುಲ್ ಹಾಕಿ ನೋಡಿದ್ರಾ?