ಕರೆಂಟ್ ಹೋಗಿ ಬಂದಮೇಲೆ ಅರ್ಧ ಆಫೀಸಿಗೆ ಮಾತ್ರ ಇಂಟರ್ನೆಟ್

ಪ್ರಶ್ನೆ, ಮಸ್ಜಿದ್ ಬಂದರ್, ಮುಂಬೈ:

ನಮ್ಮದು ಸಣ್ಣ ಟ್ರಾನ್ಸ್‌ಪೋರ್ಟ್ ಆಫೀಸು, ಒಂಬತ್ತು ಕಂಪ್ಯೂಟರ್. ಫೈಬರ್ ಲೈನಿನಿಂದ ರೂಟರ್, ರೂಟರಿನಿಂದ 16 ಪೋರ್ಟಿನ ಸ್ವಿಚ್ (ಒಂದು ಲೈನನ್ನು ಹಲವು ಕೇಬಲ್ಲಿಗೆ ಹಂಚುವ ಡಬ್ಬಿ), ಅಲ್ಲಿಂದ ಟೇಬಲ್ ಟೇಬಲ್ಲಿಗೆ ಕೇಬಲ್. ನಿನ್ನೆ ಮಳೆಗೆ ಎರಡು ಸಲ ಕರೆಂಟ್ ಹೋಗಿ ಬಂತು. ಆಮೇಲೆ ನಾಲ್ಕರಲ್ಲಿ ನೆಟ್ ಇಲ್ಲ, ಐದರಲ್ಲಿ ಚೆನ್ನಾಗಿಯೇ ಉಂಟು. ಇವತ್ತು ಬೆಳಿಗ್ಗೆ ನೋಡಿದರೆ ನಿನ್ನೆ ಸತ್ತಿದ್ದ ಒಂದು ಎದ್ದು ಕೂತಿದೆ, ಓಡುತ್ತಿದ್ದ ಎರಡು ಮಲಗಿವೆ. ಎಂತ ಮಾರಾಯ್ರೆ ಇದು! ಲೈನ್ ಕೊಟ್ಟವರಿಗೆ ಫೋನ್ ಮಾಡಿದರೆ ‘ನಮ್ಮ ಕಡೆ ಎಲ್ಲ ಸರಿ ಉಂಟು’ ಅಂತಾರೆ. ರೂಟರ್ ಆಫ್ ಮಾಡಿ ಆನ್ ಮಾಡಿದೆ, ಕೇಬಲ್ ಬದಲಾಯಿಸಿದೆ. ಮಲಗಿದ ಕಂಪ್ಯೂಟರುಗಳಿಗೆ ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಡೇಟಾ ಇರುವ ಕಂಪ್ಯೂಟರೂ ಕಾಣುತ್ತಿಲ್ಲ. ಕೆಳಗೆ ಲಾರಿ ನಿಂತಿದೆ, ಫೋನಿನ ಹಾಟ್‌ಸ್ಪಾಟ್‌ನಲ್ಲಿ ಇ-ವೇ ಬಿಲ್ ತೆಗೆಯುತ್ತಿದ್ದೇನೆ.

ಉತ್ತರ, ಠಾಣೆ:

ಡಿಎನ್‌ಎಸ್ (ವೆಬ್‌ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವುದು) ಜಾಗದಲ್ಲಿ 8.8.8.8 ಹಾಕಿ ನೋಡಿ. ನಮ್ಮಲ್ಲಿ ಅದರಿಂದಲೇ ಸರಿಹೋಯಿತು.

ಉತ್ತರ, ಪುಣೆ:

ಡಿಎನ್‌ಎಸ್‌ಗೂ ಇದಕ್ಕೂ ಸಂಬಂಧ ಇಲ್ರಿ. ಟ್ಯಾಲಿ ಕಂಪ್ಯೂಟರ್ ಕಾಣವಲ್ದು ಅಂದ್ರಲ್ಲ, ಅಲ್ಲೇ ಅದ ಗುಟ್ಟು. ಹೊರಗಿನ ಲೈನ್ ಸತ್ರೂ ಆಫೀಸಿನೊಳಗಿನ ಟ್ಯಾಲಿ ಓಡಬೇಕು. ಓಡೋದು ಒಂದು, ಓಡದ್ದು ಒಂದು, ಎರಡರಾಗೂ ಕಮಾಂಡ್ ಪ್ರಾಂಪ್ಟ್ ತೆಗೆದು ಐಪಿಕಾನ್ಫಿಗ್ ಸ್ಲ್ಯಾಶ್ ಆಲ್ (ipconfig /all) ಹೊಡೀರಿ. ಐಪಿ ವಿಳಾಸ (ನೆಟ್‌ವರ್ಕಿನ್ಯಾಗ ಕಂಪ್ಯೂಟರಿನ ನಂಬರ್), ಡೀಫಾಲ್ಟ್ ಗೇಟ್‌ವೇ (ಹೊರಗ ಹೋಗೋ ಬಾಗಿಲು), ಡಿಎಚ್‌ಸಿಪಿ ಸರ್ವರ್ (ವಿಳಾಸ ಹಂಚೋದು), ಈ ಮೂರು ಸಾಲು ಬರೀರಿ. 169.254ರಿಂದ ಶುರುವಾಗೋ ವಿಳಾಸ ಬಂದ್ರ ಯಾರೂ ವಿಳಾಸ ಕೊಟ್ಟಿಲ್ಲ ಅಂತ ಅರ್ಥ. ಆಗ ಕೇಬಲ್, ಸ್ವಿಚ್ ನೋಡಬೇಕು. ನಿಮ್ಮಲ್ಲಿ ಹಂಗ ಬರಲಿಕ್ಕಿಲ್ಲ ಅಂತ ನನ್ನ ಅಂದಾಜು.

ಮಸ್ಜಿದ್ ಬಂದರ್:

ಓಡುವುದರಲ್ಲಿ 192.168.1.34, ಗೇಟ್‌ವೇ, ಡಿಎಚ್‌ಸಿಪಿ ಎರಡೂ 192.168.1.1. ಓಡದ್ದರಲ್ಲಿ 192.168.0.103, ಅಲ್ಲಿ ಎರಡೂ 192.168.0.1. ನಮ್ಮ ರೂಟರ್ 1.1. ಈ 0.1 ಯಾರು?

ಪುಣೆ:

ಅವನೇ ಕಳ್ಳ. ಆಫೀಸಿನ್ಯಾಗ ಎಲ್ಲೋ ಇನ್ನೊಂದು ರೂಟರ್ ಕೂತದ. ಕಂಪ್ಯೂಟರ್ ಎದ್ದ ಕೂಡಲೇ ‘ನನಗೊಂದು ವಿಳಾಸ ಕೊಡ್ರಪ್ಪಾ’ ಅಂತ ಎಲ್ಲರಿಗೂ ಕೇಳೋಹಂಗ ಕೂಗ್ತದ. ಸಾಧಾರಣ ಮೊದಲು ಓಗೊಟ್ಟವರ ವಿಳಾಸನ ತಗೊಂತದ. ನಿಮ್ಮ ರೂಟರ್ ಮೊದಲಾದ್ರ ನೆಟ್ ಬಂತು, ಕಳ್ಳ ಮೊದಲಾದ್ರ ಹೋತು, ಯಾಕಂದ್ರ ಅವನ ಹಿಂದ ಲೈನೇ ಇಲ್ಲ. ಅದಕ್ಕ ದಿನಾ ಬ್ಯಾರೆ ಬ್ಯಾರೆ ಕಂಪ್ಯೂಟರ್ ಮಲಗ್ತಾವ.

ಹಿಡಿಯೋದು ಹಿಂಗ: ಓಡದ ಕಂಪ್ಯೂಟರಿನಿಂದ 192.168.0.1ಕ್ಕ ಪಿಂಗ್ (‘ಅದೀಯೇನು’ ಅಂತ ಕೇಳೋ ಕಮಾಂಡ್) ಹಾಕಿ, ಕೊನೆಗೆ ಹೈಫನ್ ಟಿ (-t) ಸೇರಿಸ್ರಿ, ನಿಲ್ಲದೆ ಓಡ್ತದ. ಈಗ ಸ್ವಿಚ್‌ನ ಕೇಬಲ್ ಒಂದೊಂದೇ ಕಿತ್ತು, ನೋಡಿ, ಮತ್ತ ಹಾಕ್ರಿ, ಆ ಕಂಪ್ಯೂಟರಿನದು ಬಿಟ್ಟು. ಯಾವುದು ಕಿತ್ತಾಗ ಉತ್ತರ ನಿಲ್ತದೋ ಆ ಕೇಬಲ್ ಹಿಡಕೊಂಡು ಹೋಗ್ರಿ. ಟ್ಯಾಲಿ ಎಂಟ್ರಿ ಮಾಡೋರನ್ನ ಮೊದಲು ಎಬ್ಬಸ್ರಿ, ಇಲ್ಲಾಂದ್ರ ಬೈಗುಳ ನಿಮಗ.

ಮಸ್ಜಿದ್ ಬಂದರ್:

ಸಿಕ್ಕಿತು! 11ನೇ ಕೇಬಲ್. ಸೇಠರ ಕ್ಯಾಬಿನ್ನಿನ ಕಪಾಟಿನ ಹಿಂದೆ, ಹಳೇ ಬಿಲ್ಟಿ ಪುಸ್ತಕಗಳ ಮೇಲೆ ಧೂಳು ಹೊದ್ದು ಹಸಿರು ದೀಪ ಮಿನುಗಿಸುತ್ತಾ ಕೂತಿತ್ತು. ಮಾರ್ಚಿನಲ್ಲಿ ಆಡಿಟ್‌ಗೆ ಬಂದವರಿಗೆ ವೈಫೈ ಸಿಗುವುದಿಲ್ಲವೆಂದು ಸೇಠರ ಅಳಿಯ ಮನೆಯಿಂದ ತಂದದ್ದು. ಆಗ ಕೇಬಲ್ ನೀಲಿ ವ್ಯಾನ್ (ಹೊರಗಿನ ಲೈನ್ ಹಾಕುವ) ಪೋರ್ಟಿನಲ್ಲಿತ್ತು, ತೊಂದರೆ ಇರಲಿಲ್ಲ. ಕ್ಯಾಬಿನ್ ಗುಡಿಸುವಾಗ ಕಳಚಿದ್ದನ್ನು ಯಾರೋ ಹಳದಿ ಲ್ಯಾನ್ (ಒಳಗಿನ ಕಂಪ್ಯೂಟರ್ ಹಾಕುವ) ಪೋರ್ಟಿಗೆ ಸಿಕ್ಕಿಸಿದ್ದಾರೆ. ಪ್ಲಗ್ಗಿನ ಸ್ವಿಚ್ ಇಷ್ಟು ದಿನ ಆಫ್ ಇತ್ತು. ನಿನ್ನೆ ಕತ್ತಲಲ್ಲಿ ನಮ್ಮ ಪಿಯೋನ್ ಕೈಗೆ ಸಿಕ್ಕಿದ ಸ್ವಿಚ್ಚೆಲ್ಲ ಒತ್ತಿದ್ದಾನೆ. ಅದನ್ನು ಕಿತ್ತು, ಮಲಗಿದ ಕಂಪ್ಯೂಟರುಗಳಲ್ಲಿ ಐಪಿಕಾನ್ಫಿಗ್ ರಿಲೀಸ್, ರಿನ್ಯೂ (ಹಳೇ ವಿಳಾಸ ಬಿಟ್ಟು ಹೊಸದು ಕೇಳುವ ಕಮಾಂಡ್) ಕೊಟ್ಟೆ. ಐದೂ ಎದ್ದವು. ಆದರೆ ಸೇಠರಿಗೆ ಕ್ಯಾಬಿನ್ನಿನಲ್ಲಿ ವೈಫೈ ಬೇಕಂತೆ.

ಪುಣೆ:

ಬಿಸಾಡಬ್ಯಾಡ್ರಿ. ಮೊದಲು ಅದನ್ನ ಒಂದೇ ಲ್ಯಾಪ್‌ಟಾಪಿಗೆ ಹಚ್ಚಿ ಡಿಎಚ್‌ಸಿಪಿ ಆಫ್ ಮಾಡ್ರಿ, ಅದರ ವಿಳಾಸ 192.168.1.2 ಮಾಡ್ರಿ. ದೊಡ್ಡ ರೂಟರ್ ಹಂಚೋ ವಿಳಾಸ 1.10ರಿಂದ ಶುರುವಾಗಲಿ, 1.2 ಬ್ಯಾರೆಯವರಿಗೆ ಹೋಗಬಾರದು. ಆಮೇಲೆ ಸ್ವಿಚ್‌ನ ಕೇಬಲ್ ಹಳದಿ ಪೋರ್ಟಿಗೇ ಹಾಕ್ರಿ. ಈಗ ಅದು ಬರೇ ವೈಫೈ ಡಬ್ಬಿ. ರೀಸೆಟ್ ಗುಂಡಿ ಮಾತ್ರ ಯಾರೂ ಒತ್ತಬಾರದು, ಒತ್ತಿದ್ರ ಮತ್ತ ಕಳ್ಳನಾಗ್ತದ.

ಮಸ್ಜಿದ್ ಬಂದರ್:

ಭಾನುವಾರ ಯಾರೂ ಇಲ್ಲದಾಗ ಮಾಡುತ್ತೇನೆ. ಅಲ್ಲಿಯವರೆಗೆ ರೂಟರ್ ಕಪಾಟಿನೊಳಗೆ, ಅದರ ಅಡಾಪ್ಟರ್ ನನ್ನ ಟಿಫಿನ್ ಚೀಲದಲ್ಲಿ.