ಮೀಟರ್ 48,200, ಸರ್ವಿಸ್ ದಾಖಲೆ 91,000: ಸೆಕೆಂಡ್ ಹ್ಯಾಂಡ್ ಕಾರು ಮಾರಿದವರ ಮೇಲೆ ಈಗ ಏನು ಮಾಡಬಹುದು?

ಕೇಳಿದವರು: ಕಲ್ಪತರು_ಪೆಟ್ರೋಲ್

2018ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಕೆಎ ನೋಂದಣಿ. ಬ್ರೋಕರ್ ಮೂಲಕ 4,10,000ಕ್ಕೆ ವ್ಯಾಪಾರ ಆಗಿದೆ. ಅದರಲ್ಲಿ 3,60,000 ಬ್ಯಾಂಕಿನಿಂದ ನೇರ ಆರ್‌ಸಿ ಓನರ್ ಖಾತೆಗೆ, 50,000 ನಗದು ಬ್ರೋಕರ್ ಕೈಗೆ. ಗಾಡಿ ಮನೆಗೆ ಬಂದು 9 ದಿನ.

ಮೀಟರ್ 48,200 ತೋರಿಸ್ತಿದೆ. ಕಂಪನಿ ಸರ್ವಿಸ್ ಸೆಂಟರ್‌ನ ಸ್ಕ್ರೀನ್‌ನಲ್ಲಿ 2022ರ ಕೊನೆಯ ಸರ್ವಿಸ್‌ಗೇ 91,000 ಇದೆ. ಸ್ಕ್ರೀನ್ ತೋರಿಸಿದರು, ಆದರೆ ರಿಜಿಸ್ಟರ್ಡ್ ಓನರ್ ಅಲ್ಲದವರಿಗೆ ಪ್ರಿಂಟ್ ಕೊಡಲ್ಲ ಅಂದರು. ‘ಒರಿಜಿನಲ್ 48 ಸಾವಿರ, ಗ್ಯಾರಂಟಿ’ ಅಂತ ಬ್ರೋಕರ್ ಕಳಿಸಿದ ವಾಟ್ಸಾಪ್ ಮೆಸೇಜ್ ಫೋನಿನಲ್ಲಿದೆ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಹೋಗಿಲ್ಲ. ಸಾಲ ತೀರಿದೆ ಅಂತ ಬಾಯಿಮಾತು, ಎನ್‌ಒಸಿ (ಬ್ಯಾಂಕಿನ ಆಕ್ಷೇಪ ಇಲ್ಲ ಅನ್ನೋ ಪತ್ರ) ಕೈಗೆ ಬಂದಿಲ್ಲ. ಮಾಲೀಕತ್ವ ಬದಲಾವಣೆಯ ಫಾರಂ 29, 30ರಲ್ಲಿ ಸಹಿ ಮಾತ್ರ ಇದೆ, ಉಳಿದದ್ದೆಲ್ಲ ಖಾಲಿ. ಇನ್ನೊಂದು, ಕೀ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹತ್ತೋದೇ ಇಲ್ಲ.

ಮೀಟರ್ ತಿರುಗಿಸಿದ್ದನ್ನ ಸಾಬೀತು ಮಾಡೋದು ಹೇಗೆ? ಮೊದಲು ಮಾರಿದವರ ಹತ್ರ ಹೋಗಿ ಕೇಳಬೇಕಾ, ನೋಟಿಸ್ ಕೊಡಬೇಕಾ, ಪೊಲೀಸ್ ದೂರಾ? ಆರ್‌ಸಿ ಹೆಸರಿಗೆ ಮಾಡಿಸಿಕೊಳ್ಳಬೇಕಾ ಬೇಡವಾ?

---

ಸ್ಪ್ಯಾನರ್_14:

ಮಾರಿದವರಿಗೆ ಈಗಲೇ ಫೋನ್ ಮಾಡಬೇಡಿ. ವಿಷಯ ಗೊತ್ತಾದ ತಕ್ಷಣ ಅವರು ಮೊದಲು ಮಾಡೋದು ತಮ್ಮ ಕಡೆಯ ಸಾಕ್ಷಿ ಅಳಿಸೋ ಕೆಲಸ. ಬ್ಯಾಟರಿ ಟರ್ಮಿನಲ್ ಬಿಚ್ಚಬೇಡಿ, ಸರ್ವಿಸ್‌ಗೂ ಬಿಡಬೇಡಿ, ಯಾರಿಗೂ ಕೋಡ್ (ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ಗುರುತು) ಕ್ಲಿಯರ್ ಮಾಡೋಕೆ ಕೊಡಬೇಡಿ.

ಮೊದಲ ಕೆಲಸ ಒಂದು ವಿಡಿಯೋ, ಮಧ್ಯದಲ್ಲಿ ಎಲ್ಲೂ ನಿಲ್ಲಿಸದೆ. ನಂಬರ್ ಪ್ಲೇಟ್‌ನಿಂದ ಶುರು ಮಾಡಿ, ಬಾನೆಟ್ ಎತ್ತಿ ಚಾಸಿ ನಂಬರ್ ತೋರಿಸಿ, ಒಳಗೆ ಕೂತು ಕೀ ಆನ್ ಮಾಡಿ ಮೀಟರ್ ಮತ್ತು ದೀಪಗಳನ್ನ ತೋರಿಸಿ. ಬೇರೆ ಬೇರೆ ತುಂಡು ಮಾಡಿದರೆ ‘ಇದು ಬೇರೆ ಗಾಡಿಯ ಮೀಟರ್’ ಅನ್ನೋ ಮಾತಿಗೆ ದಾರಿ ಆಗತ್ತೆ.

ಮೀಟರ್ ಸಂಖ್ಯೆ ಇರೋದು ಕ್ಲಸ್ಟರ್ (ಸ್ಟೀರಿಂಗ್ ಮುಂದಿನ ಮೀಟರ್ ಪೆಟ್ಟಿಗೆ) ಒಳಗಿನ ಒಂದು ಸಣ್ಣ ಮೆಮೊರಿ ಚಿಪ್‌ನಲ್ಲಿ. ಹಳೆಯ ಗಾಡಿಗಳಲ್ಲಿ ಕ್ಲಸ್ಟರ್ ಬಿಚ್ಚಿ ಚಿಪ್ ಬರೀತಾರೆ, ಹೊಸದರಲ್ಲಿ ಸ್ಕ್ಯಾನರ್ ಜೋಡಿಸುವ ಒಬಿಡಿ ಪೋರ್ಟ್‌ನಿಂದಲೇ ಆಗತ್ತೆ, ಕೆಲವೇ ನಿಮಿಷದ ಕೆಲಸ. ಆದರೆ ತಿರುಗಿಸುವವರು ಸಾಮಾನ್ಯವಾಗಿ ಕ್ಲಸ್ಟರ್ ಒಂದನ್ನೇ ಮುಟ್ಟೋದು. ಎಷ್ಟೋ ಮಾಡೆಲ್‌ಗಳಲ್ಲಿ ಇಂಜಿನ್ ಇಸಿಯು (ಇಂಜಿನ್ನಿನ ಕಂಪ್ಯೂಟರ್), ಎಬಿಎಸ್ (ಬ್ರೇಕಿನದು), ಏರ್‌ಬ್ಯಾಗ್ ಮಾಡ್ಯೂಲ್ ತಮ್ಮ ಕೋಡ್ ಬಿದ್ದಾಗಿನ ಕಿಲೋಮೀಟರ್ ಬರೆದಿಟ್ಟುಕೊಂಡಿರತ್ವೆ. ಕಂಪನಿ ಮಟ್ಟದ ಸ್ಕ್ಯಾನರ್ ಇರುವ ಕಡೆ ‘ಎಲ್ಲ ಮಾಡ್ಯೂಲ್ ರಿಪೋರ್ಟ್’ ಕೇಳಿ, ದಿನಾಂಕ ಮತ್ತು ಚಾಸಿ ನಂಬರ್ ಸಮೇತ ಪ್ರಿಂಟ್ ತಗೊಳ್ಳಿ.

ಸಾಮಾನ್ಯ ಬ್ಲೂಟೂತ್ ಒಬಿಡಿ ಡಾಂಗಲ್‌ನಲ್ಲೂ ಒಂದು ಸುಳಿವು ಸಿಗಬಹುದು. ‘ಕೋಡ್ ಅಳಿಸಿದ ಮೇಲೆ ಓಡಿದ ದೂರ’ ಅಂತ ಒಂದು ಲೆಕ್ಕ ಇರತ್ತೆ. ಅದು 65,535 ಕಿ.ಮೀ. ತನಕ ಎಣಿಸತ್ತೆ. ಮೀಟರ್ 48,200 ಅನ್ನುವಾಗ ಈ ಲೆಕ್ಕ 60,000 ತೋರಿಸಿದರೆ ಅದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ. ಬರೀ 300 ಅಥವಾ 400 ತೋರಿಸಿದರೆ, ಮಾರುವ ಮುಂಚೆ ಯಾರೋ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ತೆಗೆದಿದ್ದಾರೆ ಅಂತ. ಅದರಿಂದಲೇ ಏನೂ ಸಾಬೀತಾಗಲ್ಲ, ಆದರೂ ಬರೆದಿಡಿ.

ಇನ್ನು ಆ ಏರ್‌ಬ್ಯಾಗ್ ದೀಪ. ಮೀಟರ್‌ಗಿಂತ ನನಗೆ ಅದರದ್ದೇ ಭಯ. ಕೀ ಆನ್ ಮಾಡಿದಾಗ ದೀಪ ಕೆಲವು ಸೆಕೆಂಡ್ ಹತ್ತಿ ತಾನಾಗೇ ಆರಬೇಕು. ಹತ್ತೋದೇ ಇಲ್ಲ ಅಂದರೆ ಕ್ಲಸ್ಟರ್ ಬಿಚ್ಚಿ ಆ ಎಲ್‌ಇಡಿ ತೆಗೆದಿರಬಹುದು ಅಥವಾ ಟೇಪ್ ಅಂಟಿಸಿರಬಹುದು. ಕೆಲವರು ಅದನ್ನ ಆಯಿಲ್ ದೀಪದ ಲೈನಿಗೆ ಜೋಡಿಸ್ತಾರೆ, ಆಗ ಎರಡೂ ಒಂದೇ ಗಳಿಗೆಗೆ ಹತ್ತಿ ಒಂದೇ ಗಳಿಗೆಗೆ ಆರತ್ವೆ. ಏರ್‌ಬ್ಯಾಗ್ ಒಮ್ಮೆ ಸಿಡಿದರೆ ಬ್ಯಾಗ್, ಬೆಲ್ಟ್ ಪ್ರಿಟೆನ್ಷನರ್ (ಅಪಘಾತದಲ್ಲಿ ಬೆಲ್ಟ್ ಬಿಗಿ ಮಾಡುವ ಭಾಗ), ಕಂಟ್ರೋಲ್ ಮಾಡ್ಯೂಲ್ ಎಲ್ಲಾ ಬದಲಾಗಬೇಕು. ಆ ಖರ್ಚು ತಪ್ಪಿಸೋಕೆ ದೀಪವನ್ನೇ ಕಿತ್ತು, ಸ್ಟೀರಿಂಗ್ ಮೇಲೆ ಖಾಲಿ ಕವರ್ ಕೂರಿಸ್ತಾರೆ. ದಯವಿಟ್ಟು ಮಲ್ಟಿಮೀಟರ್ ಹಿಡಿದು ಆ ಹಳದಿ ಕನೆಕ್ಟರ್ ಮುಟ್ಟಬೇಡಿ, ಒಳಗೆ ಒಳ್ಳೆಯ ಬ್ಯಾಗ್ ಇದ್ದರೆ ಮುಖಕ್ಕೆ ಸಿಡಿಯಬಹುದು. ಎಸ್‌ಆರ್‌ಎಸ್ (ಏರ್‌ಬ್ಯಾಗ್ ವ್ಯವಸ್ಥೆ) ಓದುವ ಸ್ಕ್ಯಾನರ್‌ನಿಂದ ಮಾತ್ರ ನೋಡಿಸಿ. ‘ಕ್ರ್ಯಾಶ್ ಡೇಟಾ ಸ್ಟೋರ್ಡ್’ ಅಂತ ಬಂದರೆ ಅದರದ್ದೂ ಪ್ರಿಂಟ್. ಅಲ್ಲಿಯವರೆಗೆ ಮಕ್ಕಳನ್ನ ಆ ಗಾಡಿಯಲ್ಲಿ ಕೂರಿಸಿಕೊಂಡು ಹೋಗಬೇಡಿ.

---

ಹುಬ್ಳಿ_ಟಿಂಕರ್:

ಮ್ಯಾಲಿನವರು ಹೇಳಿದ್ದು ಖರೇ ಐತ್ರಿ. ದೀಪ ಹತ್ತಂಗಿಲ್ಲ ಅಂದ್ರ ಮುಂದಿನ ಕಡೆ ದೊಡ್ಡ ಹೊಡತ ಬಿದ್ದೈತಿ ಅಂತ ಹಿಡ್ಕೊಂಡ ಬಾಡಿ ನೋಡ್ರಿ.

ಬಾನೆಟ್ ಎತ್ರಿ. ಎರಡೂ ಫೆಂಡರ್ ಬೋಲ್ಟ್ ತಲಿ ನೋಡ್ರಿ, ಕಂಪನಿ ಬಣ್ಣ ಬೋಲ್ಟಿಗೂ ತಗಡಿಗೂ ಕೂಡೇ ಹೊಡದಿರ್ತಾರ. ಸ್ಪ್ಯಾನರ್ ತಾಗಿದ್ದ ಬೋಲ್ಟಿನ ಮೂಲಿ ಬಣ್ಣ ಸಿಡದಿರತೈತಿ. ಆಮೇಲೆ ಹೆಡ್‌ಲೈಟ್ ಹಿಂದಿನ ಏಪ್ರನ್, ಅಂದ್ರ ಚಕ್ರದ ಮ್ಯಾಲಿನ ಒಳ ತಗಡು. ಕಂಪನಿ ಸ್ಪಾಟ್ ವೆಲ್ಡ್ ಸಣ್ಣ ದುಂಡನ ಗುಳಿ, ಒಂದಕ್ಕೊಂದು ಒಂದೇ ಅಂತರ. ಹೊರಗ ಮಾಡಿದ್ದು ಗಂಟಗಂಟ ಇರತೈತಿ, ಅದನ್ನ ಮುಚ್ಚಾಕ ಸೀಲಂಟ್ ದಪ್ಪ ಬಳದಿರ್ತಾರ. ಉಗುರಿನಿಂದ ಒತ್ತಿ ನೋಡ್ರಿ: ಹಳೇ ಕಂಪನಿ ಸೀಲಂಟ್ ಕಲ್ಲಿನಂಗ ಗಟ್ಟಿ, ಹೊಸಾದು ಮೆತ್ತಗ ಉಗುರು ಇಳಿತೈತಿ.

ಬಣ್ಣದ ದಪ್ಪ ಅಳಿಯೋ ಗೇಜ್ ಸಿಕ್ರ ಛಲೋ. ಕಂಪನಿ ಬಣ್ಣ ಸುಮಾರು 80ರಿಂದ 150 ಮೈಕ್ರಾನ್. 250-300 ಬಂದ್ರ ಮತ್ತೊಮ್ಮೆ ಬಣ್ಣ ಹೊಡದಾರ, 500 ದಾಟಿದ್ರ ಒಳಗ ಪುಟ್ಟಿ ಐತಿ. ಒಂದು ಬಾಗಲಾ ಗೀರಿ ಬಣ್ಣ ಹೊಡಸಿದ್ರ ಅದು ಮೋಸ ಅಲ್ರೀ, ಗಾಡಿ ಅಂದಮ್ಯಾಲೆ ಗೀರು ಬೀಳತಾವ. ಆದ್ರ ಕಂಬ, ಏಪ್ರನ್, ರೂಫ್ ಮ್ಯಾಲೆ ಪುಟ್ಟಿ ಇದ್ರ ಅದು ಬ್ಯಾರೆ ಮಾತು.

ಎಲ್ಲಾ ಗಾಜಿನ ಮೂಲ್ಯಾಗ ಕಂಪನಿ ಗುರುತು, ವರ್ಷದ ಅಂಕಿ ಇರತಾವ. ಐದು ಗಾಜು ಒಂದ ತರಾ ಇದ್ದು ಮುಂದಿಂದು ಒಂದ ಬ್ಯಾರೆ ಇದ್ರ ಕಲ್ಲು ಬಡದಿರಬಹುದು. ಮುಂದಿಂದು, ಒಂದು ಬಾಜೂದು, ಹೆಡ್‌ಲೈಟ್ ಎಲ್ಲಾ ಹೊಸಾವಿದ್ರ ಕಥಿ ತಿಳಿತೈತಿ. ಸೀಟ್ ಬೆಲ್ಟ್ ಪೂರಾ ಹೊರಗ ಎಳೀರಿ, ಬುಡದಾಗ ಚೀಟಿ ಹೊಲದಿರ್ತಾರ, ತಯಾರಾದ ತಾರೀಖು ಇರತೈತಿ. 2018ರ ಗಾಡಿಗೆ 2021ರ ಬೆಲ್ಟ್ ಬಂದಿದ್ರ ಯಾಕ ಬಂತು? ಬೆಲ್ಟಿನ ಒಳಭಾಗದಾಗ ಮಣ್ಣಿನ ಗೆರಿ ಇದ್ರ ಗಾಡಿ ನೀರು ಕುಡದೈತಿ. ಸೀಟ್ ಕೆಳಗಿನ ಹಳಿ ಬೋಲ್ಟ್, ಸ್ಟೆಪ್ನಿ ಗುಂಡಿ ಎರಡೂ ಜಂಗ ಹಿಡದಿರತಾವ. 2022ರ ಸೆಪ್ಟೆಂಬರ್‌ದಾಗ ಬೆಂಗಳೂರಿನ ಔಟರ್ ರಿಂಗ್ ರೋಡ್ ಕಡೆ ಬೇಸ್‌ಮೆಂಟಿನ್ಯಾಗ ಮುಳಗಿದ್ದು ಎಷ್ಟ ಗಾಡಿ ಅಂತೀರಿ, ಅದಕ್ಕ ಆ ವರ್ಷದ ಹಿಂದಿನ ಮಾಡೆಲ್ ಯಾವುದ ಇದ್ರೂ ಬೆಲ್ಟ್ ಎಳೀದ ಬಿಡಬ್ಯಾಡ್ರಿ.

ಒಂದು ಮರತಿದ್ದೆ. ಚಾಸಿ ನಂಬರ್ ಹತ್ರ ಗ್ರೈಂಡರ್ ಗೀರು, ಅಕ್ಷರ ಮ್ಯಾಲೆ ಕೆಳಗ, ಹೊಸ ಬಣ್ಣ ಕಂಡ್ರ ಅಲ್ಲೇ ನಿಂದರ್ರಿ. ಟೋಟಲ್ ಲಾಸ್ (ರಿಪೇರಿಗೆ ಬರಂಗಿಲ್ಲ ಅಂತ ಇನ್ಶೂರೆನ್ಸ್‌ನವರು ಬಿಟ್ಟಿದ್ದು) ಆದ ಗಾಡಿ ಆರ್‌ಸಿ ತಗೊಂಡ ಕಳವಿನ ಗಾಡಿಗೆ ಹಚ್ಚೋದು ಐತಿ. ಅಂಥದ್ದರಾಗ ನೀವು ಮುಟ್ಟೋದು ಬ್ಯಾಡ, ಸೀದಾ ಪೊಲೀಸ್ ಠಾಣಾ.

---

ಆರ್‌ಟಿಓ_ಕೌಂಟರ್:

ಕಾಗದದ ಮಾತಿಗೆ ಬರ್ತೀನಿ.

ಬ್ಯಾಂಕಿನ ಹೆಸರು ಆರ್‌ಸಿಯಲ್ಲಿದೆ ಅಂದರೆ ಎರಡು ಸಾಧ್ಯತೆ. ಸಾಲ ತೀರಿದ್ದರೂ ಫಾರಂ 35 (ಸಾಲದ ನಮೂದು ತೆಗೆಸುವ ಅರ್ಜಿ) ಎರಡು ಪ್ರತಿ ಮತ್ತು ಬ್ಯಾಂಕಿನ ಎನ್‌ಒಸಿ ಆರ್‌ಟಿಓಗೆ ಕೊಡುವ ತನಕ ಹೆಸರು ತಾನಾಗಿ ಹೋಗಲ್ಲ. ಇದು ತುಂಬಾ ಸಾಮಾನ್ಯ, ಸೋಮಾರಿತನ ಅಷ್ಟೇ. ಇನ್ನೊಂದು, ಸಾಲ ಇನ್ನೂ ನಡೀತಿದೆ. ಆಗ ಕಂತು ನಿಂತ ದಿನ ಗಾಡಿ ನಿಮ್ಮ ಮನೆ ಮುಂದಿನಿಂದಲೇ ಹೋಗತ್ತೆ. ಬ್ಯಾಂಕ್ ನಿಮಗೆ ವಿವರ ಕೊಡಲ್ಲ, ಆರ್‌ಸಿ ಓನರ್‌ಗೇ ಕೊಡೋದು. ಅವರಿಂದ ಲೋನ್ ಕ್ಲೋಷರ್ ಪತ್ರ ಬರವಣಿಗೆಯಲ್ಲಿ ಕೇಳಿ. ಮೋಟಾರು ವಾಹನ ಕಾಯ್ದೆ ಕಲಂ 51ರ ಪ್ರಕಾರ ಸಾಲ ಕೊಟ್ಟವರ ಲಿಖಿತ ಒಪ್ಪಿಗೆ ಇಲ್ಲದೆ ಮಾಲೀಕತ್ವ ಬದಲಾಗಲ್ಲ. ಅಂದರೆ ಸಹಿ ಮಾಡಿದ 29, 30 ಕೈಯಲ್ಲಿದ್ದರೂ ಇವತ್ತು ಅದರಿಂದ ಏನೂ ಆಗಲ್ಲ.

ಅದಕ್ಕೆ ‘ಮೊದಲು ಹೆಸರಿಗೆ ಮಾಡಿಸಿಕೊಳ್ಳಿ, ಆಮೇಲೆ ಜಗಳ’ ಅನ್ನೋ ಸಲಹೆ ನಿಮಗೆ ಹೊಂದಲ್ಲ. ಗಾಡಿ ವಾಪಸ್ ಕೊಟ್ಟು ದುಡ್ಡು ಕೇಳೋದಾದರೆ ನೋಟಿಸ್ ಮೊದಲು ಹೋಗಬೇಕು. ಕೊಂಡವರು 30 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು ಅಂತ ಕಲಂ 50 ಹೇಳತ್ತೆ, ನಿಮಗಿನ್ನೂ 21 ದಿನ ಇದೆ.

ಅಲ್ಲಿಯವರೆಗೆ ಗಾಡಿ ರಸ್ತೆಗೆ ಇಳಿಸದೇ ಇದ್ದರೆ ಒಳ್ಳೆಯದು. ಇನ್ಶೂರೆನ್ಸ್ ಹಳೇ ಓನರ್ ಹೆಸರಲ್ಲಿದೆ. ಥರ್ಡ್ ಪಾರ್ಟಿ ಭಾಗ ಕಲಂ 157ರಂತೆ ಗಾಡಿ ಜೊತೆ ಬರತ್ತೆ, ಆದರೆ ನಿಮ್ಮ ಗಾಡಿಗಾದ ನಷ್ಟದ ಕ್ಲೇಮ್ ಪಾಲಿಸಿ ನಿಮ್ಮ ಹೆಸರಿಗೆ ಆಗದೆ ಸಿಗಲ್ಲ. ಅರ್ಜಿಗೆ 14 ದಿನದ ಗಡುವು.

ಅದೇ ಪಾಲಿಸಿಯಲ್ಲಿ ಎನ್‌ಸಿಬಿ (ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಶೇಕಡಾವಾರು ನೋಡಿ. ಕ್ಲೇಮ್ ಇಲ್ಲದ ವರ್ಷಗಳಿಗೆ ಕ್ರಮವಾಗಿ 20, 25, 35, 45, 50 ಏರತ್ತೆ. ನಿಮ್ಮದು 2018ರ ಗಾಡಿ. ಎನ್‌ಸಿಬಿ ಸೊನ್ನೆ ಅಥವಾ 20 ಇದ್ದರೆ ಇತ್ತೀಚೆಗೆ ಕ್ಲೇಮ್ ಆಗಿರುವ ಸಾಧ್ಯತೆ ದೊಡ್ಡದು. ಓನರ್ ಬದಲಾದಾಗ ಮತ್ತು ಪಾಲಿಸಿ ಬಿಟ್ಟುಹೋದಾಗಲೂ ಸೊನ್ನೆಗೆ ಬರತ್ತೆ, ಅದನ್ನೂ ಗಮನದಲ್ಲಿಡಿ. ಕ್ಲೇಮ್ ಆಗಿದ್ದರೆ ಸರ್ವೇಯರ್ ವರದಿಯಲ್ಲಿ ಅವತ್ತಿನ ಕಿಲೋಮೀಟರ್ ಇರತ್ತೆ. ಪಾಲಿಸಿ ನಡುವೆ ತಪ್ಪಿ ಮತ್ತೆ ಮಾಡಿಸಿದ್ದರೆ ಇನ್‌ಸ್ಪೆಕ್ಷನ್ ಫೋಟೋದಲ್ಲಿ ಮೀಟರ್ ಇರತ್ತೆ. ಸರ್ವಿಸ್ ಸೆಂಟರ್ ಪ್ರಿಂಟ್ ಕೊಡದಿದ್ದರೂ ಚಿಂತೆ ಬೇಡ, ಕೇಸ್ ನಡೆದಾಗ ಈ ದಾಖಲೆಗಳನ್ನ ಕೋರ್ಟ್ ತರಿಸಬಹುದು. ಯಾವ ದಿನ, ಯಾವ ಸರ್ವಿಸ್ ಸೆಂಟರ್, ಸ್ಕ್ರೀನ್‌ನಲ್ಲಿ ಕಂಡ ಸಂಖ್ಯೆ ಎಷ್ಟು ಅಂತ ಇವತ್ತೇ ಬರೆದಿಟ್ಟುಕೊಳ್ಳಿ.

---

ಕಲ್ಪತರು_ಪೆಟ್ರೋಲ್:

ಬೆಲ್ಟ್ ಚೀಟಿ ನೋಡಿದ್ದಾಯ್ತು: ಡ್ರೈವರ್ ಕಡೆಯದು 2021, ಉಳಿದವು 2018. ಎನ್‌ಸಿಬಿ 20. ಎಡ ಏಪ್ರನ್ ಸೀಲಂಟ್ ಮೆತ್ತಗಿದೆ. ಡೆಲಿವರಿ ನೋಟ್‌ನಲ್ಲಿ ‘ಇದ್ದ ಸ್ಥಿತಿಯಲ್ಲಿ ಒಪ್ಪಿ ಪಡೆದಿದ್ದೇನೆ’ ಅಂತ ಸಾಲಿದೆ. ಇದರಿಂದ ಕೇಸ್ ಬೀಳತ್ತಾ? ನೋಟಿಸ್ ಬ್ರೋಕರ್‌ಗಾ, ಓನರ್‌ಗಾ?

---

ಕಟಕಟೆ:

ಇಬ್ಬರಿಗೂ. ದುಡ್ಡು ಓನರ್ ಖಾತೆಗೆ ಹೋಗಿದೆ, ಸುಳ್ಳು ಬ್ರೋಕರ್ ಬಾಯಿಂದ ಬಂದಿದೆ; ಒಬ್ಬರನ್ನ ಬಿಟ್ಟರೆ ಇನ್ನೊಬ್ಬರು ಅವರ ಕಡೆ ಕೈ ತೋರಿಸ್ತಾರೆ. ‘ನಾನು ಬ್ರೋಕರ್‌ಗೆ ಯಾವಾಗಲೋ ಕೊಟ್ಟಾಗಿದೆ’ ಅಂತ ಓನರ್ ಅಂದರೆ ಫಾರಂ 29ಸಿ ಕೇಳಿ. 2023ರ ಏಪ್ರಿಲ್ 1ರಿಂದ ಅಧಿಕೃತ ಡೀಲರ್‌ಗೆ ಗಾಡಿ ಕೊಟ್ಟವರು ಅದರಲ್ಲೇ ತಿಳಿಸಬೇಕು. ಅದಿಲ್ಲ, 3,60,000 ಅವರ ಖಾತೆಯಲ್ಲಿದೆ ಅಂದಮೇಲೆ ಮಾರಿದವರು ಅವರೇ.

‘ಇದ್ದ ಸ್ಥಿತಿಯಲ್ಲಿ’ ಅನ್ನೋ ಸಾಲು ಬೇಕಂತಲೇ ಹೇಳಿದ ಸುಳ್ಳಿಗೆ ಗುರಾಣಿ ಆಗಲ್ಲ. ಕರಾರು ಕಾಯ್ದೆ ಕಲಂ 19ರಲ್ಲಿ ಮೋಸದಿಂದ ಪಡೆದ ಒಪ್ಪಿಗೆಯನ್ನ ರದ್ದು ಮಾಡಬಹುದು. ಆದರೆ ಅದಕ್ಕೊಂದು ವಿನಾಯಿತಿ ಇದೆ, ಎದುರು ವಕೀಲರು ಹಿಡಿಯೋದು ಅದನ್ನೇ: ಮಾರುವವರು ಸುಮ್ಮನಿದ್ದು ಮುಚ್ಚಿಟ್ಟಿದ್ದಾದರೆ, ಮತ್ತು ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ಪತ್ತೆ ಹಚ್ಚಬಹುದಿತ್ತು ಅಂತಾದರೆ ರದ್ದಾಗಲ್ಲ. ಅದಕ್ಕೇ ನಿಮ್ಮ ಇಡೀ ಕೇಸ್ ನಿಂತಿರೋದು ಆ ವಾಟ್ಸಾಪ್ ಮೆಸೇಜ್ ಮೇಲೆ. ‘ಒರಿಜಿನಲ್ 48 ಸಾವಿರ, ಗ್ಯಾರಂಟಿ’ ಅನ್ನೋದು ಮೌನ ಅಲ್ಲ, ನೇರ ಮಾತು. ಸ್ಕ್ರೀನ್‌ಶಾಟ್ ಒಂದೇ ಸಾಲದು: ಚಾಟ್ ಎಕ್ಸ್‌ಪೋರ್ಟ್ ಮಾಡಿ, ಫೋನ್ ಮಾರಬೇಡಿ, ರಿಸೆಟ್ ಮಾಡಬೇಡಿ. ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ ಕಲಂ 63ರ ಪ್ರಮಾಣಪತ್ರ ಜೊತೆಗಿರಬೇಕು.

ಗೊತ್ತಾದ ಮೇಲೂ ತಿಂಗಳುಗಟ್ಟಲೆ ಓಡಿಸಿದರೆ ಒಪ್ಪಿಕೊಂಡಿದ್ದೀರಿ ಅಂತಾಗತ್ತೆ. ಈ ವಾರವೇ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಹೋಗಲಿ: ವ್ಯಾಪಾರ ರದ್ದು, ಗಾಡಿ ಇಂಥ ವಿಳಾಸದಲ್ಲಿ ನಿಂತಿದೆ, 15 ದಿನದಲ್ಲಿ 4,10,000 ವಾಪಸ್. ನಗದು 50,000ಕ್ಕೆ ರಸೀದಿ ಇಲ್ಲದಿದ್ದರೆ ಆ ದಿನ ಎಟಿಎಂನಿಂದ ತೆಗೆದದ್ದು, ಬ್ರೋಕರ್ ಜೊತೆಗಿನ ದರದ ಮಾತುಕತೆ ಎಲ್ಲ ಸೇರಿಸಿ.

ಠಾಣೆಯಲ್ಲಿ ‘ಇದು ಸಿವಿಲ್ ಮ್ಯಾಟರ್’ ಅಂತ ಹಿಂಬರಹ ಕೊಟ್ಟು ಕಳಿಸೋದು ಹೆಚ್ಚು. ಅದು ದೂರು ಬರೆದ ರೀತಿಯ ಮೇಲೂ ಇದೆ. ‘ಗಾಡಿ ಸರಿಯಿಲ್ಲ, ದುಡ್ಡು ಕೊಡಿಸಿ’ ಅಂತ ಬರೆದರೆ ಸಿವಿಲ್ಲೇ. ವ್ಯಾಪಾರದ ದಿನವೇ ಸುಳ್ಳು ಅಂತ ಅವರಿಗೆ ಗೊತ್ತಿತ್ತು, ಆ ಸುಳ್ಳನ್ನ ನಂಬಿಯೇ ದುಡ್ಡು ಕೊಟ್ಟಿದ್ದು, ಇವೆರಡು ಮೊದಲ ಪ್ಯಾರಾದಲ್ಲೇ ಬರಬೇಕು. 2022ರ 91,000 ಮತ್ತು ಮೆಸೇಜಿನ ದಿನಾಂಕ ಅಕ್ಕಪಕ್ಕ ಇಡಿ. ಹಳೇ 420ರ ಜಾಗದಲ್ಲಿ ಈಗಿರೋದು ಭಾರತೀಯ ನ್ಯಾಯ ಸಂಹಿತೆ 318(4). ದೂರು ತಗೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ.

ಗ್ರಾಹಕ ಆಯೋಗದ ದಾರಿ ಬ್ರೋಕರ್ ಅದನ್ನೇ ದಂಧೆ ಮಾಡಿಕೊಂಡಿದ್ದರೆ ಮಾತ್ರ ಗಟ್ಟಿ. ತನ್ನದೊಂದು ಗಾಡಿ ಮಾರಿದ ಖಾಸಗಿ ವ್ಯಕ್ತಿಯ ಮೇಲೆ ನಿಲ್ಲೋದು ಕಷ್ಟ, ಅವರ ಮೇಲೆ ಸಿವಿಲ್ ದಾವೆಯೇ ಸರಿ. ಬ್ರೋಕರ್‌ನ ಬೋರ್ಡ್, ವಿಸಿಟಿಂಗ್ ಕಾರ್ಡ್, ಆನ್‌ಲೈನ್‌ನಲ್ಲಿ ಹಾಕಿರುವ ಬೇರೆ ಗಾಡಿಗಳ ಜಾಹೀರಾತು ಫೋಟೋ ತೆಗೆದಿಡಿ, ನೋಟಿಸ್ ತಲುಪಿದ ಮೇಲೆ ಅವು ಮಾಯ ಆಗತ್ವೆ. 5 ಲಕ್ಷದ ಒಳಗಿನ ವ್ಯವಹಾರಕ್ಕೆ ಜಿಲ್ಲಾ ಆಯೋಗದಲ್ಲಿ ಶುಲ್ಕ ಇಲ್ಲ, ಎರಡು ವರ್ಷದ ಒಳಗೆ ಹಾಕಬೇಕು.

---

ಸ್ಪ್ಯಾನರ್_14:

2021ರ ಬೆಲ್ಟ್, ಮೆತ್ತಗಿನ ಸೀಲಂಟ್, ಆರಿದ ದೀಪ ಮೂರೂ ಒಂದೇ ಕಡೆ ಬೆರಳು ತೋರಿಸ್ತಿವೆ. ನೋಟಿಸ್‌ನಲ್ಲಿ ಮೀಟರ್ ಜೊತೆ ಏರ್‌ಬ್ಯಾಗ್ ವಿಷಯವನ್ನೂ ಬರೆಸಿ, ಸ್ಕ್ಯಾನ್ ರಿಪೋರ್ಟ್ ನಂಬರ್ ಸಮೇತ. ಸ್ಕ್ಯಾನ್‌ಗೆ ಗಾಡಿ ಓಡಿಸಿಕೊಂಡು ಹೋಗಬೇಡಿ, ಟೋಯಿಂಗ್‌ನಲ್ಲಿ ಕಳಿಸಿ, ಹೋಗುವಾಗ ಬರುವಾಗ ಮೀಟರ್ ಫೋಟೋ ಇರಲಿ.