ಹಬ್ಬದ ತಾಂಬೂಲವನ್ನು ಮದುವೆಯ ಮಾತೆಂದು ತಿಳಿದಾಗ: ಆಪ್ತಸಮಾಲೋಚಕರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಮೈಸೂರಿನ ಸದಸ್ಯರು, ಹೆಸರು ಬೇಡವೆಂದು ಕೋರಿದ್ದಾರೆ):

ನಮಸ್ಕಾರ ಮೇಡಂ. ನಾನು ಮತ್ತು ನನ್ನ ಸಹೋದ್ಯೋಗಿಯೊಬ್ಬಳು ಕೆಲವು ವರ್ಷಗಳಿಂದ ಪ್ರೀತಿಸುತ್ತಿದ್ದೇವೆ. ಅವಳ ಮನೆಯವರಿಗೆ ವಿಷಯ ತಿಳಿದಿದೆ. ನಮ್ಮ ಮನೆಯಲ್ಲಿ ಅವಳು ನನ್ನ ಸ್ನೇಹಿತೆ ಎಂದಷ್ಟೇ ಗೊತ್ತು. ಈ ಸಲದ ವರಮಹಾಲಕ್ಷ್ಮಿ ಹಬ್ಬಕ್ಕೆ ನನ್ನ ತಾಯಿ ಊರಿನಿಂದ ಬಂದಿದ್ದರಿಂದ ಅವಳ ತಾಯಿಯವರು ಅರಿಶಿನ ಕುಂಕುಮಕ್ಕೆ ಕರೆದರು, ನಾನೇ ಕರೆದುಕೊಂಡು ಹೋದೆ. ಅಮ್ಮ ರೂಢಿಯಂತೆ ಹೂವು, ಹಣ್ಣು, ತೆಂಗಿನಕಾಯಿ ಒಯ್ದಿದ್ದರು. ದೇವಿಗೆ ಮುಡಿಸಿ ಉಳಿದ ಮಲ್ಲಿಗೆಯನ್ನು ಅವಳಿಗೆ ತಾವೇ ಮುಡಿಸಿ, ಮೊದಲ ಸಲ ನೋಡಿದ್ದೆಂದು ಕೈಗೆ 501 ರೂಪಾಯಿ ಕೊಟ್ಟರು. ಅವರು ಸೀರೆ, ರವಿಕೆ ಕಣ ಇಟ್ಟು ತಾಂಬೂಲ ಕೊಟ್ಟರು. ಅಂದು ರಾತ್ರಿ ಅವಳಿಂದ ಸಂದೇಶ ಬಂತು: "ಅಮ್ಮನ ಕೈಯಲ್ಲೇ ಹೂ ಮುಡಿಸಿಬಿಟ್ಟೆಯಲ್ಲ, ನನಗೆ ಒಪ್ಪಿಗೆ." ನನಗೆ ಏನು ಬರೆಯಬೇಕೆಂದು ತೋಚದೆ ಹೃದಯದ ಚಿಹ್ನೆಯೊಂದನ್ನು ಕಳುಹಿಸಿ ಸುಮ್ಮನಾದೆ. ಈಗ ಅವಳ ತಂದೆ ನನ್ನ ನಕ್ಷತ್ರ, ಗೋತ್ರ ಕೇಳಿದ್ದಾರೆ; ಪಿತೃಪಕ್ಷ ಬರುವ ಮೊದಲೇ ಹಿರಿಯರು ಕುಳಿತು ಮಾತನಾಡೋಣ ಎನ್ನುತ್ತಿದ್ದಾರೆ. ಮದುವೆಯಾದರೆ ಅವಳನ್ನೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ತಂಗಿಯ ಮದುವೆ ಆಗಿಲ್ಲ, ಮನೆ ಕಟ್ಟಿದ ಸಾಲ ತೀರಿಲ್ಲ, ಅಮ್ಮನಿಗೆ ಏನೂ ತಿಳಿಯದು. ಅವಳ ಮನಸ್ಸು ನೋಯದಂತೆ ಇದನ್ನು ಹೇಗೆ ತಿಳಿಸಲಿ?

ಉತ್ತರ (ಕುಟುಂಬ ಆಪ್ತಸಮಾಲೋಚಕಿ):

ಮೊದಲಿಗೆ ಒಂದು ಮಾತು: ಅವರು ತಿಳಿದುಕೊಂಡದ್ದರಲ್ಲಿ ಅಸಹಜವಾದದ್ದು ಏನೂ ಇಲ್ಲ. ಹಳೆಯ ಮೈಸೂರು ಸೀಮೆಯ ಅನೇಕ ಸಮುದಾಯಗಳಲ್ಲಿ ಹೆಣ್ಣು ಒಪ್ಪಿಗೆಯಾದ ಮೇಲೆ ಗಂಡಿನ ಕಡೆಯ ಹೆಂಗಸರು ಬಂದು ಹೂ ಮುಡಿಸುವ ಶಾಸ್ತ್ರ ಮಾಡುತ್ತಾರೆ, ಅನಂತರ ನಿಶ್ಚಿತಾರ್ಥದಲ್ಲಿ ಲಗ್ನಪತ್ರಿಕೆ ಓದಿ ತಾಂಬೂಲ ಬದಲಾಯಿಸಿಕೊಳ್ಳುತ್ತಾರೆ. ಪ್ರೀತಿಸುವ ಹುಡುಗನೇ ತನ್ನ ತಾಯಿಯನ್ನು ಕರೆತಂದು, ಆ ತಾಯಿ ಹಣ್ಣು ಕಾಯಿಯೊಂದಿಗೆ ಬಂದು, ತಮ್ಮ ಕೈಯಿಂದಲೇ ಹೂ ಮುಡಿಸಿ, ಹಣವನ್ನೂ ಕೊಟ್ಟು, ತಾಂಬೂಲ ಪಡೆದು ಹೋದರೆ ಹೆಣ್ಣಿನ ಮನೆಯವರು ಬೇರೆ ಏನೆಂದು ತಿಳಿಯಬೇಕು? ಆದ್ದರಿಂದ "ನೀನು ತಪ್ಪು ತಿಳಿದುಕೊಂಡೆ" ಎಂದು ಮಾತು ಆರಂಭಿಸಬೇಡಿ.

ಹಬ್ಬದ ದಿನ ನಡೆದದ್ದು ಆಕಸ್ಮಿಕ. ರಾತ್ರಿ ನೀವು ಕಳುಹಿಸಿದ ಚಿಹ್ನೆಯನ್ನು ಮಾತ್ರ ಆಕಸ್ಮಿಕವೆನ್ನಲಾಗದು, ಏಕೆಂದರೆ ಅವರು ಸ್ಪಷ್ಟವಾಗಿ ಒಪ್ಪಿಗೆ ಹೇಳಿದ್ದರು ಮತ್ತು ಅದಕ್ಕೆ ನಿಮ್ಮ ಉತ್ತರ ಅದಾಗಿತ್ತು. ಇಂತಹ ಪ್ರಕರಣಗಳಲ್ಲಿ ಸಂಬಂಧಕ್ಕೆ ಹಾನಿಯಾಗುವುದು ಸಾಮಾನ್ಯವಾಗಿ ಮೂಲ ಘಟನೆಯಿಂದಲ್ಲ; ಒಬ್ಬರಿಗೆ ನಿಜ ತಿಳಿದಿದ್ದೂ ಇನ್ನೊಬ್ಬರನ್ನು ಸಂಭ್ರಮಿಸಲು ಬಿಟ್ಟ ಆ ನಡುವಿನ ದಿನಗಳಿಂದ. ಪ್ರತಿ ದಿನವೂ ಚಿಕ್ಕಮ್ಮ, ಸೋದರತ್ತೆ, ಪಕ್ಕದ ಮನೆಯವರು ಎಂದು ಸುದ್ದಿ ಹರಡುತ್ತಲೇ ಇರುತ್ತದೆ, ಅದನ್ನು ಒಬ್ಬೊಬ್ಬರಿಂದಲೂ ಹಿಂದಕ್ಕೆ ಪಡೆಯಬೇಕಾದವರು ಅವರೇ.

ಆದ್ದರಿಂದ ಇವತ್ತೋ ನಾಳೆಯೋ, ಎದುರಿಗೆ ಕುಳಿತು, ಅವರೊಬ್ಬರಿಗೇ ಹೇಳಿ. ನಿಮ್ಮ ತಾಯಿಗಿಂತ ಮೊದಲು ಅವರಿಗೆ ತಿಳಿಯಬೇಕು. ಹೇಳುವ ಕ್ರಮಕ್ಕೂ ಗಮನ ಕೊಡಿ. "ಅಮ್ಮನಿಗೆ ಏನೂ ಗೊತ್ತಿಲ್ಲ" ಎಂಬುದು ಮೊದಲ ವಾಕ್ಯವಾದರೆ ಅನಂತರ ನೀವು ಹೇಳುವ ಯಾವ ಮಾತೂ ಅವರ ಕಿವಿಗೆ ಬೀಳುವುದಿಲ್ಲ. ನಿಮ್ಮ ಇಚ್ಛೆ ಖಚಿತವಾಗಿದ್ದರೆ ಅದನ್ನೇ ಮೊದಲು ಹೇಳಿ: ನಿನ್ನನ್ನೇ ಮದುವೆಯಾಗಬೇಕೆಂದಿದ್ದೇನೆ, ನಿನ್ನ ಒಪ್ಪಿಗೆ ಓದಿ ಸಂತೋಷವಾಯಿತು, ಆದರೆ ಅಂದು ಅಮ್ಮ ಬಂದದ್ದು ಕುಂಕುಮಕ್ಕೆ ಮಾತ್ರ, ಅದನ್ನು ಅಂದೇ ರಾತ್ರಿ ಹೇಳದೆ ನಾನು ಸುಮ್ಮನಿದ್ದೆ. ಇಷ್ಟು ಹೇಳಿ ನಿಲ್ಲಿಸಿ, ಅವರಿಗೆ ಕೋಪ ಬರಲಿ, ಅಳು ಬರಲಿ, ಕೂಡಲೇ ಸಮಾಧಾನ ಮಾಡಲು ಹೋಗಬೇಡಿ. ಆ ಇಚ್ಛೆ ನಿಜವಾಗಿ ಇಲ್ಲದಿದ್ದರೆ ಸಿಹಿಮಾತು ಬೆರೆಸದೆ ಅದನ್ನೂ ಅಷ್ಟೇ ನೇರವಾಗಿ ಹೇಳಬೇಕಾಗುತ್ತದೆ.

"ಸ್ವಲ್ಪ ಸಮಯ ಬೇಕು" ಎಂಬ ಮಾತು ಮಾತ್ರ ಬೇಡ. ನಿಮ್ಮ ಕೈಯಲ್ಲಿರುವುದಕ್ಕೆ ಗಡುವು ಕೊಡಿ: ತಾಯಿಗೆ ಈ ವಾರವೇ ತಿಳಿಸುತ್ತೇನೆ, ದೀಪಾವಳಿಯ ಹೊತ್ತಿಗೆ ಎರಡೂ ಮನೆಯ ಹಿರಿಯರು ಭೇಟಿಯಾಗುವಂತೆ ಮಾಡುತ್ತೇನೆ, ಸಾಲದ ಲೆಕ್ಕ ಹೀಗಿದೆ ಎಂದು. ತಂಗಿಯ ಮದುವೆ ನಿಮ್ಮ ಕೈಯಲ್ಲಿಲ್ಲ. ಅದನ್ನು ಕಾರಣವೆಂದು ಮುಂದಿಡುವ ಮೊದಲು ಆ ತಂಗಿಯನ್ನೇ ಒಮ್ಮೆ ಕೇಳಿ ನೋಡಿ. ಅಣ್ಣನ ಮದುವೆ ತನ್ನಿಂದ ತಡವಾಯಿತೆಂಬ ಮಾತು ಹೊರಲು ಎಷ್ಟೋ ಹೆಣ್ಣುಮಕ್ಕಳಿಗೆ ಇಷ್ಟವಿರುವುದಿಲ್ಲ.

ಅದೇ ಸದಸ್ಯರ ಮರುಪ್ರಶ್ನೆ:

ಧನ್ಯವಾದಗಳು ಮೇಡಂ. ಇನ್ನೊಂದು ತೊಡಕು ಎದ್ದಿದೆ. ಅಮ್ಮನಿಗೆ ಅವಳು ಬಹಳ ಹಿಡಿಸಿದ್ದಾಳೆ, ಎಷ್ಟೆಂದರೆ ಹಾಸನದಲ್ಲಿರುವ ನನ್ನ ಸೋದರಮಾವನ ಮಗನಿಗೆ ಕೇಳೋಣವೇ ಎನ್ನುತ್ತಿದ್ದಾರೆ.

ಉತ್ತರ:

ಇದನ್ನು ಓದಿ ನಗು ಬಂತು, ಕ್ಷಮಿಸಿ. ಆದರೆ ನಿಮ್ಮ ಕೆಲಸ ಇದರಿಂದ ಹಗುರವಾಯಿತೇ ಹೊರತು ಕಷ್ಟವಾಗಲಿಲ್ಲ, ಏಕೆಂದರೆ ಹುಡುಗಿಯೂ ಮನೆತನವೂ ನಿಮ್ಮ ತಾಯಿಗೆ ಒಪ್ಪಿಗೆಯಾಗಿವೆ. ಅವರು ಅಣ್ಣನಿಗೆ ಫೋನ್ ಮಾಡುವ ಮೊದಲು ನಿಜ ತಿಳಿಸಿಬಿಡಿ. ಆ ಮಾತು ಹಾಸನಕ್ಕೆ ಹೋದರೆ ಎರಡರ ಜಾಗದಲ್ಲಿ ಮೂರು ಮನೆಯವರಿಗೆ ಸಮಜಾಯಿಷಿ ಕೊಡಬೇಕಾಗುತ್ತದೆ. ಇಷ್ಟು ದಿನ ತಮ್ಮಿಂದ ಮುಚ್ಚಿಟ್ಟಿರಿ ಎಂದು ತಾಯಿ ಮುನಿಸಿಕೊಳ್ಳಬಹುದು. ಆ ಮುನಿಸು ನಿಮ್ಮ ಮೇಲೆಯೇ ಇರಲಿ, ಹುಡುಗಿಯ ಕಡೆಗೆ ತಿರುಗದಂತೆ ನೋಡಿಕೊಳ್ಳಿ. ಅನಂತರ ನೀವಿಬ್ಬರೂ ಒಟ್ಟಿಗೆ ಅವರ ತಂದೆ ತಾಯಿಯರ ಬಳಿ ಹೋಗಿ ವಿವರಿಸಿ, ಮಾತನ್ನು ನೀವೇ ಆಡಿ. ಪಿತೃಪಕ್ಷ ಕಳೆಯಲಿ ಎಂದು ಮುಂದೂಡುವ ಉಪಾಯ ನಿಮಗೆ ಈಗಾಗಲೇ ಹೊಳೆದಿರಬಹುದು, ಅದನ್ನು ಬಿಟ್ಟುಬಿಡಿ.

ಪ್ರಶ್ನೆ (ಶಿವಮೊಗ್ಗದ ಸದಸ್ಯೆ):

ನಾನು ಆ ಹುಡುಗಿಯ ಸ್ಥಾನದಲ್ಲಿ ಇದ್ದವಳು. ಹುಟ್ಟುಹಬ್ಬಕ್ಕೆ ಸ್ನೇಹಿತ ಉಂಗುರ ಕೊಟ್ಟಾಗ ಎಲ್ಲರೆದುರು "ಆಗಲಿ" ಎಂದುಬಿಟ್ಟೆ, ಅದು ಬರೀ ಉಡುಗೊರೆಯಾಗಿತ್ತು. ನಾವು ಈಗಲೂ ಜೊತೆಗಿದ್ದೇವೆ, ಆದರೆ ಅವನು ಅದನ್ನು ಗೆಳೆಯರ ಮುಂದೆ ತಮಾಷೆಯಾಗಿ ಹೇಳಿದಾಗಲೆಲ್ಲ ನನಗೆ ನಾಚಿಕೆಯಿಂದ ಎದ್ದು ಹೋಗಬೇಕೆನಿಸುತ್ತದೆ. ನನ್ನದು ಅತಿಯಾಯಿತೇ?

ಉತ್ತರ:

ಖಂಡಿತ ಇಲ್ಲ. ಆ ದಿನ ನೀವಿಬ್ಬರೂ ಒಂದೇ ಸ್ಥಿತಿಯಲ್ಲಿರಲಿಲ್ಲ. ಅವರ ಇಚ್ಛೆ ಏನೆಂಬುದು ಯಾರಿಗೂ ತಿಳಿಯಲಿಲ್ಲ, ನಿಮ್ಮದು ಮಾತ್ರ ಎಲ್ಲರೆದುರು ಬಯಲಾಯಿತು, ಅದಕ್ಕೆ ಪ್ರತಿಯಾಗಿ ಬಂದದ್ದು ನಗು. ಆ ಕಥೆಯನ್ನು ಯಾವಾಗ, ಯಾರಿಗೆ ಹೇಳಬೇಕು ಎಂಬುದನ್ನು ನಿರ್ಧರಿಸುವ ಹಕ್ಕು ನಿಮ್ಮದು, ನೀವಾಗಿ ನಗುತ್ತಾ ಹೇಳುವವರೆಗೆ ಅವರು ಹೇಳಕೂಡದು ಎಂದು ಸ್ಪಷ್ಟವಾಗಿ ಕೇಳಿಕೊಳ್ಳಿ. ಅದಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ನೀವು ಇಲ್ಲಿ ಬರೆದೇ ಇಲ್ಲ: ಅಂದಿನ ನಿಮ್ಮ "ಆಗಲಿ"ಗೆ ಅವರು ಇಂದಿಗಾದರೂ ಉತ್ತರ ಕೊಟ್ಟಿದ್ದಾರೆಯೇ? ಕೊಟ್ಟಿಲ್ಲವಾದರೆ ನಿಮ್ಮನ್ನು ನೋಯಿಸುತ್ತಿರುವುದು ತಮಾಷೆಯಲ್ಲ, ಆ ಮೌನ ಎಂದು ನನಗೆ ಅನಿಸುತ್ತದೆ. ಹೆಣ್ಣುಮಗಳು ತಾನಾಗಿ ಮದುವೆಯ ಮಾತು ಎತ್ತಬಾರದೆಂಬ ಸಂಕೋಚ ಬೇಡ, ನೀವು ಈಗಾಗಲೇ ಎತ್ತಿದ್ದೀರಿ.

ಪ್ರಶ್ನೆ (ಮಂಡ್ಯದ ಸದಸ್ಯರು):

ಒಂದು ವೇಳೆ ಮೈಸೂರಿನ ಸದಸ್ಯರು ಮದುವೆ ಬೇಡವೆಂದರೆ ಕಾನೂನಿನ ತೊಂದರೆ ಬರಬಹುದೇ? ಕೊಟ್ಟು ತೆಗೆದುಕೊಂಡ ಹಣ, ಸೀರೆ ಹಿಂದಿರುಗಿಸಬೇಕೇ?

ಉತ್ತರ (ಗುಂಪಿನ ವಕೀಲ ಸದಸ್ಯರು):

ಹೂ ಮುಡಿಸುವುದಾಗಲಿ, ನಿಶ್ಚಿತಾರ್ಥವೇ ಆಗಲಿ ಮದುವೆಯಲ್ಲ. ಹಿಂದೂ ವಿವಾಹ ಕಾಯ್ದೆ, 1955ರ 7ನೇ ಕಲಮಿನಂತೆ ರೂಢಿಯ ವಿಧಿಗಳು ನಡೆದಿರಬೇಕು. ವಿಧಿಗಳೇ ನಡೆಯದಿದ್ದರೆ ಪ್ರಮಾಣಪತ್ರವೊಂದರಿಂದ ಮದುವೆ ಆಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಸ್ಪಷ್ಟಪಡಿಸಿದೆ. ಮದುವೆಯಾಗು ಎಂದು ಯಾವ ನ್ಯಾಯಾಲಯವೂ ಆದೇಶಿಸುವುದಿಲ್ಲ. ನಿಜವಾಗಿ ಒಪ್ಪಂದವಾಗಿ ಅದು ಮುರಿದುಬಿದ್ದಾಗ ಆದ ನಷ್ಟಕ್ಕೆ ಪರಿಹಾರ ಕೇಳಿ ಸಿವಿಲ್ ದಾವೆ ಹೂಡಬಹುದು, ಆದರೆ ಇಲ್ಲಿ ಗಂಡಿನ ಕಡೆಯ ಹಿರಿಯರು ಮದುವೆಯ ಮಾತನ್ನೇ ಆಡಿಲ್ಲ.

ಎಚ್ಚರಿಕೆ ಬೇಕಾದದ್ದು ಬೇರೆಡೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 69ನೇ ಕಲಮಿನ ಪ್ರಕಾರ, ನೆರವೇರಿಸುವ ಉದ್ದೇಶವಿಲ್ಲದೆ ಮದುವೆಯ ಮಾತು ಕೊಟ್ಟು ಲೈಂಗಿಕ ಸಂಬಂಧ ಹೊಂದಿದರೆ 10 ವರ್ಷಗಳವರೆಗೆ ಸೆರೆವಾಸ ಹಾಗೂ ದಂಡ ವಿಧಿಸಬಹುದು. ಕೊಟ್ಟ ಮಾತನ್ನು ನಡೆಸಲಾಗದಿರುವುದು ಬೇರೆ, ಮೊದಲಿನಿಂದಲೂ ಸುಳ್ಳು ಮಾತು ಕೊಡುವುದು ಬೇರೆ ಎಂದು ಸುಪ್ರೀಂ ಕೋರ್ಟ್ 2019ರ ಪ್ರಮೋದ್ ಸೂರ್ಯಭಾನ್ ಪವಾರ್ ಪ್ರಕರಣದಲ್ಲಿ ವಿಂಗಡಿಸಿದೆ. ತಪ್ಪುಗ್ರಹಿಕೆ ತಿಳಿದ ಮೇಲೂ ಅದನ್ನು ಹಾಗೆಯೇ ಇಟ್ಟುಕೊಂಡು ಸಂಬಂಧ ಮುಂದುವರಿಸುವುದು ಈ ದೃಷ್ಟಿಯಿಂದಲೂ ಒಳ್ಳೆಯದಲ್ಲ.

ಉತ್ತರ (ಆಪ್ತಸಮಾಲೋಚಕಿ):

ಸೀರೆ ಮತ್ತು ಹಣದ ಬಗ್ಗೆ: ಅವು ಹಬ್ಬದ ದಿನ ಮುತ್ತೈದೆಗೂ ಮನೆಯ ಮಗಳಿಗೂ ಸಂದ ಮರ್ಯಾದೆ, ಹಾಗೆಯೇ ಇರಲಿ. ಹಿಂದಿರುಗಿಸಲು ಹೋದರೆ ಎರಡೂ ಬೀದಿಯವರು ಸಂಬಂಧ ಮುರಿದುಬಿತ್ತೆಂದು ಮಾತನಾಡಿಕೊಳ್ಳುತ್ತಾರೆ.